ಹಳೇ ಕಾರಿಗೆ ಹೊಸ ಎಂಜಿನ್: ವೆಲ್ಡಿಂಗ್‌ಗೆ ಮೊದಲು ಕೋನ ಅಳೆಯಿರಿ

ಹಳೇ ಕಾರಿಗೆ ಹೊಸ ಕಾಲದ ಎಂಜಿನ್ ಹಾಕಿಸಿದವರ ಮೊದಲ ದೂರು ಹೆಚ್ಚಾಗಿ ಒಂದೇ ಇರುತ್ತದೆ. ನಿಧಾನಕ್ಕೆ ಹೋದರೆ ಬೆಣ್ಣೆಯಂತೆ ಓಡುತ್ತದೆ, ವೇಗ ಎಂಬತ್ತು ದಾಟಿತೋ ಸೀಟಿನ ಕೆಳಗೆ ನಡುಕ ಶುರು. ಆಮೇಲೆ ಚಕ್ರ ಬ್ಯಾಲೆನ್ಸ್ ಮಾಡಿಸುತ್ತಾರೆ, ಟೈರ್ ಬದಲಿಸುತ್ತಾರೆ, ಗೇರ್ ಬಾಕ್ಸ್ ಇಳಿಸಿ ಮತ್ತೆ ಹತ್ತಿಸುತ್ತಾರೆ. ನಡುಕ ಮಾತ್ರ ಹೋಗುವುದಿಲ್ಲ. ಯಾಕೆಂದರೆ ತಪ್ಪು ಆಗಿರುವುದು ಎಂಜಿನ್ ಕೂರಿಸಿದ ದಿನ. ಎಂಜಿನ್ ಎಲ್ಲಿ ಹಿಡಿಸಿತೋ ಅಲ್ಲೇ ಇಟ್ಟು, ಅಲ್ಲಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಶಾಫ್ಟ್‌ನ ಕೋನ ಅಳೆಯದೆ ವೆಲ್ಡ್ ಮಾಡಿಬಿಟ್ಟಿರುತ್ತಾರೆ.

ಈ ಲೇಖನ ಎಂಜಿನ್ ಮುಂದಿದ್ದು, ಅದರ ಶಕ್ತಿ ಹಿಂದಿನ ಚಕ್ರಗಳಿಗೆ ಹೋಗುವ ಕಾರುಗಳ ಬಗ್ಗೆ. ಹಳೇ ಕಾರುಗಳಲ್ಲಿ ಜಾಸ್ತಿ ಇರುವುದು ಅವೇ ಅಲ್ವಾ.

ಮೊದಲು ಎರಡು ಕೆಲಸ

ಒಂದು, ಎಂಜಿನ್ ಬದಲಾವಣೆಗೆ ಏನೇನು ಅನುಮತಿ ಬೇಕು ಎಂದು ನಿಮ್ಮ ಊರಿನ ಸಾರಿಗೆ ಕಚೇರಿಯಲ್ಲಿ ಕೇಳಿ, ಉತ್ತರವನ್ನು ಬರಹದಲ್ಲೇ ತೆಗೆದುಕೊಳ್ಳಿ. ಎಂಜಿನ್ ಕೊಂಡ ಮೇಲೆ ಕೇಳಬೇಡಿ.

ಎರಡು, ತುಕ್ಕು. ಫ್ಲೋರ್, ಚಾಸಿ ಕಂಬಿ, ಸ್ಪ್ರಿಂಗ್ ಹಿಡಿದಿರುವ ಜಾಗ, ಇಷ್ಟನ್ನೂ ಪೇಂಟ್ ಕೆರೆದು ಸ್ಕ್ರೂ ಡ್ರೈವರ್‌ನಲ್ಲಿ ಚುಚ್ಚಿ ನೋಡಿ. ಫ್ಲೋರ್ ಕತ್ತರಿಸಬೇಕಾದರೆ ಮೊದಲು ಬಾಗಿಲಿನ ಜಾಗಕ್ಕೆ ಅಡ್ಡ ಪೈಪ್ ಕೊಟ್ಟು ಬಿಗಿ ಮಾಡಿ. ಇಲ್ಲದಿದ್ದರೆ ಬಾಡಿ ಕುಸಿದು, ಆಮೇಲೆ ಬಾಗಿಲು ಮುಚ್ಚುವುದೇ ಇಲ್ಲ.

ಯಾವ ಎಂಜಿನ್

ಬಿಡಿ ಎಂಜಿನ್ ಕೊಳ್ಳಬೇಡಿ. ಅಪಘಾತವಾದ ಇಡೀ ಕಾರನ್ನೇ ಕೊಳ್ಳಿ. ಸ್ಟಾರ್ಟ್ ಮಾಡಿ ನೋಡಬಹುದು, ಸ್ಕ್ಯಾನರ್ ಹಾಕಿ ದೋಷದ ಕೋಡ್ ಓದಬಹುದು. ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್), ಆಕ್ಸಿಲರೇಟರ್ ಪೆಡಲ್, ಕೀ, ಸೆನ್ಸರ್‌ಗಳು, ವೈರಿಂಗ್ ಎಲ್ಲ ಒಂದೇ ಗಾಡಿಯದು ಸಿಗುತ್ತದೆ. ಪೆಡಲ್ ಒಂದು ಕಾರಿನದು, ಇಸಿಯು ಇನ್ನೊಂದರದು ಆದರೆ ಎರಡಕ್ಕೂ ಹೊಂದಿಕೆಯಾಗದೆ ಎಂಜಿನ್ ಐಡ್ಲಿಂಗ್ ಬಿಟ್ಟು ಮೇಲೇ ಏರದಿರಬಹುದು. ಬಿಚ್ಚುವ ಮೊದಲು ಪ್ರತಿ ಕನೆಕ್ಟರ್‌ಗೂ ಚೀಟಿ ಕಟ್ಟಿ, ಫೋಟೊ ತೆಗೆದಿಡಿ.

ಶಕ್ತಿಗಿಂತ ಅಗಲ ನೋಡಿ. ಜನರಲ್ ಮೋಟರ್ಸ್ 1997ರಲ್ಲಿ ಕಾರ್ವೆಟ್‌ಗೆ ತಂದ 5.7 ಲೀಟರ್ ಎಲ್‌ಎಸ್1 ಮತ್ತು ಅದೇ ಕುಟುಂಬದ ಎಂಜಿನ್‌ಗಳು ಇಷ್ಟೊಂದು ಹಳೇ ಕಾರುಗಳೊಳಗೆ ಹೋಗಿರುವುದಕ್ಕೆ ಕಾರಣ ಇದೇ. ವಾಲ್ವ್ ತೆರೆಯುವ ಕ್ಯಾಮ್ ಶಾಫ್ಟ್ ಬ್ಲಾಕ್ ಒಳಗೇ ಇದೆ, ಬ್ಲಾಕ್ ಮೇಲೆ ಕೂರುವ ಹೆಡ್ ಚಿಕ್ಕದು, ಹಾಗಾಗಿ ವಿ8 (ವಿ ಆಕಾರದಲ್ಲಿ ಎಂಟು ಸಿಲಿಂಡರ್) ಆದರೂ ಇಕ್ಕಟ್ಟಿನಲ್ಲಿ ಹಿಡಿಸುತ್ತದೆ. ಎಲ್‌ಎಸ್1 ಬ್ಲಾಕ್ ಅಲ್ಯೂಮಿನಿಯಂ ಆದ್ದರಿಂದ ಹಳೇ ಬೀಡಿನ ವಿ8ಗಿಂತ ತೂಕವೂ ಕಡಿಮೆ. 2011ರ ಮಸ್ಟಾಂಗ್‌ನಲ್ಲಿ ಬಂದ ಫೋರ್ಡ್‌ನ 5.0 ಲೀಟರ್ ಕೊಯೋಟಿ ಅದ್ಭುತ ಎಂಜಿನ್, ಆದರೆ ಪ್ರತಿ ಹೆಡ್ ಮೇಲೂ ಎರಡೆರಡು ಕ್ಯಾಮ್ ಇರುವುದರಿಂದ ತುಂಬ ಅಗಲ. 1960ರ ದಶಕದ ಮಸ್ಟಾಂಗ್‌ಗೇ ಅದನ್ನು ಹಾಕಬೇಕೆಂದರೆ ಸಾಮಾನ್ಯವಾಗಿ ಎರಡೂ ಬದಿಯ ಶಾಕ್ ಟವರ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಹಿಡಿದಿರುವ ಗೂಡು) ಕತ್ತರಿಸಿ, ಮುಂದಿನ ಸಸ್ಪೆನ್ಶನ್ನನ್ನೇ ಬದಲಿಸಬೇಕಾಗುತ್ತದೆ. ಬಾನೆಟ್ ಕೆಳಗೆ ಟೇಪ್ ಹಿಡಿದು ಅಳೆಯದೆ ದುಡ್ಡು ಕೊಡಬೇಡಿ.

ಎಲೆಕ್ಟ್ರಿಕ್ ಮೋಟರ್ ಹಾಕುವವರೂ ಇದ್ದಾರೆ. ಅದು ಚೆನ್ನಾಗಿಯೇ ಆಗುತ್ತದೆ, ಆದರೆ 2010ರಲ್ಲಿ ಬಂದ ಮೊದಲ ನಿಸ್ಸಾನ್ ಲೀಫ್‌ನ ಬ್ಯಾಟರಿಯೇ ಸುಮಾರು 360 ವೋಲ್ಟ್. ಮನೆ ಶೆಡ್‌ನಲ್ಲಿ ಸುಮ್ನೆ ಪ್ರಯತ್ನಿಸುವ ಕೆಲಸ ಅಲ್ಲ, ಹೈ ವೋಲ್ಟೇಜ್ ತರಬೇತಿ ಇದ್ದವರಿಗೇ ಬಿಡಿ.

ಎಂಜಿನ್ ಕೂರಿಸುವುದು: ಇಲ್ಲಿ ಅವಸರ ಬೇಡ

ಮೊದಲು ಕಾರು ಚಕ್ರದ ಮೇಲೆ, ಓಡುವಾಗ ಎಷ್ಟು ಎತ್ತರದಲ್ಲಿರುತ್ತದೋ ಅಷ್ಟೇ ಎತ್ತರದಲ್ಲಿ ನಿಂತಿರಬೇಕು. ಸ್ಟ್ಯಾಂಡ್ ಕೊಡಲೇಬೇಕಾದರೆ ಆಕ್ಸಲ್ ಕೆಳಗೆ ಕೊಡಿ. ಚಾಸಿ ಕೆಳಗೆ ಸ್ಟ್ಯಾಂಡ್ ಕೊಟ್ಟು, ಆಕ್ಸಲ್ ಕೆಳಗೆ ಜೋತಾಡುತ್ತಿರುವಾಗ ಅಳತೆ ತೆಗೆಯುವವರನ್ನು ತುಂಬ ನೋಡಿದ್ದೇನೆ. ಆ ಅಳತೆ ಯಾವ ಕೆಲಸಕ್ಕೂ ಬರುವುದಿಲ್ಲ.

ಖಾಲಿ ಬ್ಲಾಕ್, ಖಾಲಿ ಗೇರ್ ಬಾಕ್ಸ್ ಜೋಡಿಸಿ ಚೈನ್ ಪುಲ್ಲಿಯಲ್ಲಿ ಇಳಿಸಿ. ತೂಕ ಕಡಿಮೆ, ಹತ್ತು ಸಲ ಎತ್ತಿ ಇಳಿಸಿದರೂ ಸುಸ್ತಾಗುವುದಿಲ್ಲ. ಆದರೆ ಆಯಿಲ್ ಚೇಂಬರ್, ಎಕ್ಸಾಸ್ಟ್ ಮ್ಯಾನಿಫೋಲ್ಡ್, ಸ್ಟಾರ್ಟರ್, ಆಲ್ಟರ್ನೇಟರ್ ಮಾತ್ರ ಹಾಕಿಕೊಂಡೇ ಇಳಿಸಬೇಕು, ತಗಲುವುದು ಅವೇ. ಚೇಂಬರ್ ಕ್ರಾಸ್ ಮೆಂಬರ್‌ಗೆ (ಮುಂದೆ ಚಾಸಿಯ ಅಡ್ಡ ಕಂಬಿ) ತಗಲಿದರೆ ಬೇರೆ ಆಕಾರದ ಚೇಂಬರ್ ಹಾಕಿ. ಕ್ರಾಸ್ ಮೆಂಬರ್ ಕತ್ತರಿಸಬೇಡಿ, ಮುಂದಿನ ಸಸ್ಪೆನ್ಶನ್ ಪೂರ್ತಿ ಅದರ ಮೇಲೇ ನಿಂತಿದೆ. ಸ್ಟೀರಿಂಗ್ ಶಾಫ್ಟ್ ಮತ್ತು ಮ್ಯಾನಿಫೋಲ್ಡ್ ನಡುವೆ 20ರಿಂದ 25 ಮಿಲಿಮೀಟರ್ ಜಾಗ ಇರಲಿ. ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ರಬ್ಬರ್ ಮೇಲೆ ವಾಲುತ್ತದೆ, ನಿಂತಾಗ ತಗಲದ್ದು ಓಡುವಾಗ ತಗಲುತ್ತದೆ.

ಈಗ ಕೋನ. ಗೇರ್ ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್‌ನ ಎರಡೂ ತುದಿಗೆ ಒಂದೊಂದು ಯೂನಿವರ್ಸಲ್ ಜಾಯಿಂಟ್ (ಓರೆಯಲ್ಲೂ ತಿರುಗುವ ಕೀಲು) ಇರುತ್ತದೆ. ಜಾಯಿಂಟ್ ಓರೆಯಾಗಿ ತಿರುಗುವಾಗ ಒಂದು ವಿಚಿತ್ರ ನಡೆಯುತ್ತದೆ. ಒಳಗೆ ಬರುವ ವೇಗ ಸಮನಾಗಿದ್ದರೂ ಹೊರಗೆ ಹೋಗುವ ವೇಗ ಪ್ರತಿ ಸುತ್ತಿಗೆ ಎರಡು ಸಲ ಏರಿ ಇಳಿಯುತ್ತದೆ. ಹಿಂದಿನ ಜಾಯಿಂಟ್ ಅಷ್ಟೇ ಕೋನದಲ್ಲಿದ್ದರೆ ಆ ಏರಿಳಿತವನ್ನು ಅದು ಅಳಿಸಿಹಾಕುತ್ತದೆ. ಕೋನ ಬೇರೆ ಬೇರೆಯಾದರೆ ಅಳಿಸಲು ಆಗುವುದಿಲ್ಲ, ಅದೇ ನಿಮ್ಮ ಸೀಟಿನ ಕೆಳಗಿನ ನಡುಕ. ಅಂದರೆ ಗೇರ್ ಬಾಕ್ಸ್‌ನ ಗೆರೆ ಮತ್ತು ಹಿಂದಿನ ಪಿನಿಯನ್‌ನ (ಆಕ್ಸಲ್‌ನಲ್ಲಿ ಶಾಫ್ಟ್ ಬಂದು ಸೇರುವ ಗೇರ್) ಗೆರೆ ಒಂದಕ್ಕೊಂದು ಸಮಾನಾಂತರವಾಗಿರಬೇಕು. ಒಂದೇ ಗೆರೆಯಲ್ಲಿ ಇರಬೇಕಾಗಿಲ್ಲ, ಸಮಾನಾಂತರವಾಗಿದ್ದರೆ ಸಾಕು.

ಒಂದು ಉದಾಹರಣೆ ನೋಡಿ. ಗೇರ್ ಬಾಕ್ಸ್ ಹಿಂದಕ್ಕೆ 3 ಡಿಗ್ರಿ ಇಳಿಜಾರು, ಶಾಫ್ಟ್ ಹಿಂದಕ್ಕೆ 5 ಡಿಗ್ರಿ ಇಳಿಜಾರು. ಮುಂದಿನ ಜಾಯಿಂಟ್‌ನ ಕೋನ 2 ಡಿಗ್ರಿ. ಪಿನಿಯನ್ನಿನ ಮೂತಿ 3 ಡಿಗ್ರಿ ಮೇಲಕ್ಕೆ ನೋಡುತ್ತಿದ್ದರೆ ಹಿಂದಿನ ಜಾಯಿಂಟ್‌ನದೂ 2 ಡಿಗ್ರಿ. ಲೆಕ್ಕ ಸರಿಹೋಯಿತು. ಪ್ರತಿ ಜಾಯಿಂಟ್‌ನ ಕೋನ 1ರಿಂದ 3 ಡಿಗ್ರಿ ಒಳಗಿರಲಿ, ಮುಂದಿನದಕ್ಕೂ ಹಿಂದಿನದಕ್ಕೂ ವ್ಯತ್ಯಾಸ 1 ಡಿಗ್ರಿ ದಾಟಬಾರದು. ಸೊನ್ನೆ ಇದ್ದರೆ ಇನ್ನೂ ಒಳ್ಳೆಯದು ಎಂದು ಹಲವರು ಅಂದುಕೊಳ್ಳುತ್ತಾರೆ, ಅದೂ ತಪ್ಪು. ಜಾಯಿಂಟ್‌ನ ಕಪ್ ಒಳಗೆ ಸೂಜಿಯಂಥ ಸಣ್ಣ ರೋಲರ್‌ಗಳಿವೆ. ಕೋನವೇ ಇಲ್ಲದಿದ್ದರೆ ಅವು ಉರುಳುವುದಿಲ್ಲ, ಕೂತಲ್ಲೇ ಕೂತು ಜಾಯಿಂಟ್ ನಡುವಿನ ಕ್ರಾಸ್ (ಕೂಡು ಗುರುತಿನಂಥ ತುಂಡು) ಮೇಲೆ ಗೀರು ಗೀರಾಗಿ ತಗ್ಗು ಮಾಡುತ್ತವೆ. ಕೆಟ್ಟ ಕ್ರಾಸ್ ಬಿಚ್ಚಿ ಉಗುರಿನಿಂದ ಸವರಿದರೆ ಆ ಸಾಲು ಗೀರು ಕೈಗೆ ಸಿಗುತ್ತದೆ. ಕಡಿಮೆ ಅಂದರೆ ಅರ್ಧ ಡಿಗ್ರಿಯಾದರೂ ಬೇಕೇ ಬೇಕು.

ಅಳೆಯಲು ಆಯಸ್ಕಾಂತ ಇರುವ ಡಿಜಿಟಲ್ ಆಂಗಲ್ ಗೇಜ್ ಸಾಕು. ಗೇರ್ ಬಾಕ್ಸ್ ಯೋಕ್‌ನ (ಜಾಯಿಂಟ್ ಹಿಡಿಯುವ ಕವಲು) ಚಪ್ಪಟೆ ಮುಖ, ಶಾಫ್ಟ್‌ನ ಕೊಳವೆ, ಪಿನಿಯನ್ ಯೋಕ್‌ನ ಮುಖ, ಮೂರೂ ಕಡೆ ಮಣ್ಣು, ಪೇಂಟ್ ಒರೆಸಿ ಇಡಿ. ಫೋನ್‌ನಲ್ಲಿರುವ ಆಪ್ ನಂಬಬೇಡಿ. ಫೋನ್‌ನ ಕವರ್, ಉಬ್ಬಿದ ಕ್ಯಾಮೆರಾ ಸೇರಿಯೇ ಒಂದು ಡಿಗ್ರಿ ತಪ್ಪಿಸಬಲ್ಲವು, ಇಲ್ಲಿ ನಾವು ಹುಡುಕುತ್ತಿರುವುದೇ ಒಂದು ಡಿಗ್ರಿ. ಮೇಲಿಂದ ನೋಡಿದಾಗಲೂ ಗೆರೆಗಳು ಸಮಾನಾಂತರ ಇರಬೇಕು. ಸ್ಟೀರಿಂಗ್ ತಪ್ಪಿಸಲು ಎಂಜಿನ್ನನ್ನು ಪಕ್ಕಕ್ಕೆ ಸ್ವಲ್ಪ ಸರಿಸಿದರೆ ತೊಂದರೆಯಿಲ್ಲ, ಓರೆಯಾಗಿ ತಿರುಗಿಸಿದರೆ ತೊಂದರೆ.

ಹಿಂದೆ ಲೀಫ್ ಸ್ಪ್ರಿಂಗ್ ಇದ್ದರೆ ಇನ್ನೊಂದು ವಿಷಯ. ಆಕ್ಸಿಲರೇಟರ್ ಒತ್ತಿದಾಗ ಸ್ಪ್ರಿಂಗ್ ತಿರುಚಿಕೊಂಡು ಪಿನಿಯನ್ ಮೂತಿ ಮೇಲಕ್ಕೇಳುತ್ತದೆ. ಆದ್ದರಿಂದ ಕಾರು ನಿಂತಿರುವಾಗ ಮೂತಿಯನ್ನು ಸುಮಾರು 2 ಡಿಗ್ರಿ ತಗ್ಗಿಸಿಡಬೇಕು. ಮೇಲಿನ ಉದಾಹರಣೆಯಲ್ಲಿ 3ರ ಬದಲು 1 ಡಿಗ್ರಿ. ಓಡುವಾಗ ಅದು ತಾನಾಗಿಯೇ 3ಕ್ಕೆ ಬರುತ್ತದೆ. ಇದಕ್ಕೆ ಸ್ಪ್ರಿಂಗ್ ಮತ್ತು ಆಕ್ಸಲ್ ನಡುವೆ ಓರೆ ಶಿಮ್ (ಬೆಣೆಯಂಥ ತುಂಡು) ಹಾಕುತ್ತಾರೆ. ಅಲ್ಯೂಮಿನಿಯಂ ಶಿಮ್ ಮಾತ್ರ ತರಬೇಡಿ, ಒತ್ತಡಕ್ಕೆ ನಜ್ಜಾಗಿ, ಆಕ್ಸಲನ್ನು ಸ್ಪ್ರಿಂಗ್‌ಗೆ ಬಿಗಿದಿರುವ ಯು ಬೋಲ್ಟ್ ಸಡಿಲವಾಗುತ್ತದೆ. ಉಕ್ಕಿನದೇ ಬೇಕು.

ಎಲ್ಲ ಸರಿಬಂದ ಮೇಲೆ ಮೌಂಟಿಂಗ್ ಬ್ರಾಕೆಟ್‌ಗಳಿಗೆ ಚುಕ್ಕಿ ವೆಲ್ಡ್ ಮಾತ್ರ ಮಾಡಿ. ಖಾಲಿ ಬ್ಲಾಕ್ ತೆಗೆದು, ಪೂರ್ತಿ ತೂಕದ ಎಂಜಿನ್ ಇಳಿಸಿ ಮತ್ತೆ ಅಳೆಯಿರಿ. ರಬ್ಬರ್ ಕುಗ್ಗುತ್ತದೆ, ಅಳತೆ ಬದಲಾಗುತ್ತದೆ. ಆಮೇಲೆ ಎಂಜಿನ್ ಎತ್ತಿ ಪಕ್ಕಕ್ಕಿಟ್ಟು ಪೂರ್ತಿ ವೆಲ್ಡ್. ವೆಲ್ಡ್ ಮಾಡುವಾಗ ಬ್ಯಾಟರಿ, ಇಸಿಯು ಎರಡೂ ಕಾರಿನಲ್ಲಿ ಇರಬಾರದು. ಮೌಂಟಿಂಗ್‌ಗೆ ರಬ್ಬರೇ ಹಾಕಿ. ಗಟ್ಟಿ ಪಾಲಿಯುರೆಥೇನ್ ರೇಸ್‌ಗೆ ಸರಿ, ಮನೆಯವರನ್ನು ಕೂರಿಸಿಕೊಂಡು ಹೋಗುವ ಕಾರಿಗೆ ಅಲ್ಲ.

ಶಾಫ್ಟ್‌ನ ಉದ್ದ ಅಳೆಯುವುದು ಎಲ್ಲಕ್ಕಿಂತ ಕೊನೆಗೆ. ಗೇರ್ ಬಾಕ್ಸ್ ಒಳಗೆ ಜಾರುವ ಸ್ಲಿಪ್ ಯೋಕ್ ಪೂರ್ತಿ ಒಳಗೆ ತಳ್ಳಿ, ಅಲ್ಲಿಂದ 20ರಿಂದ 25 ಮಿಲಿಮೀಟರ್ ಹೊರಗೆಳೆದು ಅಳತೆ ತೆಗೆಯಿರಿ. ಮನೆಯಲ್ಲೇ ಕತ್ತರಿಸಿ ವೆಲ್ಡ್ ಮಾಡಿದ ಶಾಫ್ಟ್ ಹಾಕಬೇಡಿ. ಬ್ಯಾಲೆನ್ಸಿಂಗ್ ಯಂತ್ರ ಇರುವ ಕಡೆಯೇ ಮಾಡಿಸಿ, ಎರಡೂ ತುದಿಯ ಯೋಕ್‌ಗಳು ಒಂದೇ ನೇರಕ್ಕೆ ಇವೆಯಾ ಎಂದು ನೀವೇ ಕಣ್ಣಾರೆ ನೋಡಿ ತನ್ನಿ.

ಗೇರ್ ಲೆಕ್ಕ

ಟೈರಿನ ಸುತ್ತಳತೆ 2 ಮೀಟರ್ ಇದ್ದರೆ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಚಕ್ರ ನಿಮಿಷಕ್ಕೆ ಸುಮಾರು 833 ಸುತ್ತು ತಿರುಗುತ್ತದೆ. ಆಕ್ಸಲ್ ಅನುಪಾತ (ಚಕ್ರದ ಒಂದು ಸುತ್ತಿಗೆ ಶಾಫ್ಟ್ ಎಷ್ಟು ಸುತ್ತು) 3.73, ಕೊನೆಯ ಗೇರ್‌ನ ಅನುಪಾತ 0.7 ಆದರೆ ಎಂಜಿನ್ ಸುಮಾರು 2,175 ಸುತ್ತು. ಹಾಯಾದ ಓಟ. ನಿಮ್ಮ ಅಂಕಿ ಹಾಕಿ ನೋಡಿ, 3,000 ದಾಟಿದರೆ ಆಕ್ಸಲ್ ಅನುಪಾತ ಬದಲಿಸುವ ಯೋಚನೆ ಮಾಡಿ. ಹಳೇ ಆಕ್ಸಲ್ ಹೊಸ ಎಂಜಿನ್‌ನ ಎಳೆತ ತಡೆಯುತ್ತದಾ ಎಂಬುದನ್ನೂ ಆಗಲೇ ನೋಡಿಕೊಳ್ಳಿ.

ಪೆಟ್ರೋಲ್ ಮತ್ತು ತಂಪು

ಕಾರ್ಬ್ಯುರೇಟರ್‌ಗೆ ಅರ್ಧ ಬಾರ್ ಒತ್ತಡವೂ ಬೇಕಿರಲಿಲ್ಲ. ಫ್ಯೂಯಲ್ ಇಂಜೆಕ್ಷನ್‌ಗೆ 3ರಿಂದ 4 ಬಾರ್ ಬೇಕು. ಹಳೇ ರಬ್ಬರ್ ಪೈಪ್ ಉಳಿಸಿಕೊಂಡರೆ ಅದು ಒಂದು ದಿನ ಬಿಸಿ ಮ್ಯಾನಿಫೋಲ್ಡ್ ಪಕ್ಕದಲ್ಲೇ ಒಡೆಯುತ್ತದೆ. ಪೈಪ್ ಮೇಲೆ ಜೆ30ಆರ್9 ಎಂದು ಅಚ್ಚಾಗಿರಬೇಕು, ಜೆ30ಆರ್7 ಇಂಜೆಕ್ಷನ್‌ಗೆ ಆಗುವುದಿಲ್ಲ. ಕ್ಲಿಪ್ ಕೂಡ ಇಂಜೆಕ್ಷನ್‌ಗೆ ಮಾಡಿದ್ದೇ ಇರಲಿ. ಪಂಪ್ ಟ್ಯಾಂಕ್ ಒಳಗಿದ್ದರೆ ತಂಪಾಗಿರುತ್ತದೆ, ಸದ್ದೂ ಕಡಿಮೆ.

ರೇಡಿಯೇಟರ್ ದೊಡ್ಡದು ಹಾಕಿ, ಫ್ಯಾನ್‌ಗೆ ಕವಚ ಇರಲಿ, ನೀರಿನ ಟ್ಯಾಂಕ್ ಇಡೀ ವ್ಯವಸ್ಥೆಯಲ್ಲಿ ಎಲ್ಲಕ್ಕಿಂತ ಮೇಲಿರಲಿ.

ವೈರಿಂಗ್

ಹೊಸ ಎಂಜಿನ್ ಹಾಕಿದ ಹಳೇ ಕಾರು ದಾರಿಯಲ್ಲಿ ನಿಂತರೆ ನಾನು ಮೊದಲು ನೋಡುವುದು ಅರ್ಥಿಂಗ್. ಬ್ಯಾಟರಿಯಿಂದ ಬ್ಲಾಕ್‌ಗೆ, ಬ್ಲಾಕ್‌ನಿಂದ ಚಾಸಿಗೆ, ಚಾಸಿಯಿಂದ ಬಾಡಿಗೆ ದಪ್ಪ ಪಟ್ಟಿ ಹಾಕಿ, ಬೋಲ್ಟ್ ಕೂರುವ ಜಾಗದ ಪೇಂಟನ್ನು ಲೋಹ ಹೊಳೆಯುವವರೆಗೆ ಉಜ್ಜಿ. ಸೆನ್ಸರ್‌ಗಳ ಅರ್ಥ್ ವೈರನ್ನು ಸಿಕ್ಕ ಸಿಕ್ಕ ಬೋಲ್ಟ್‌ಗೆ ಸಿಕ್ಕಿಸಬೇಡಿ, ಅದು ಇಸಿಯುಗೇ ಹೋಗಬೇಕು.

ವೈರ್ ಸೇರಿಸುವಾಗ ತಿರುಚಿ ಟೇಪ್ ಸುತ್ತುವುದು ಬೇಡವೇ ಬೇಡ. ಸೋಲ್ಡರ್ ಕೂಡ ಎಂಜಿನ್ ಹತ್ತಿರ ನನಗೆ ಇಷ್ಟವಿಲ್ಲ, ಸೀಸ ಹರಿದ ಕಡೆ ವೈರ್ ಗಟ್ಟಿಯಾಗಿ ಅದರ ಅಂಚಿನಲ್ಲೇ ಅದುರಿ ಅದುರಿ ಮುರಿಯುತ್ತದೆ. ಒಳ್ಳೆಯ ಕ್ರಿಂಪಿಂಗ್ ಇಕ್ಕಳ ಕೊಳ್ಳಿ, ಮೇಲೆ ಅಂಟು ಇರುವ ಹೀಟ್ ಶ್ರಿಂಕ್ ಹಾಕಿ. ಬಣ್ಣ ಬಣ್ಣದ ಟರ್ಮಿನಲ್‌ಗಳ ಡಬ್ಬಿ ಅಗ್ಗಕ್ಕೆ ಸಿಗುತ್ತದೆ. ಅವುಗಳ ತಗಡು ಎಷ್ಟು ತೆಳು ಅಂದರೆ ಎಳೆದರೆ ವೈರ್ ಕೈಗೇ ಬರುತ್ತದೆ.

ಫ್ಯೂಯಲ್ ಪಂಪ್‌ನ ರಿಲೇ (ಆನ್, ಆಫ್ ಮಾಡುವ ವಿದ್ಯುತ್ ಸ್ವಿಚ್) ಇಸಿಯು ಹೇಳಿದಂತೆ ನಡೆಯಬೇಕು. ನೇರ ಕೀ ಸ್ವಿಚ್‌ಗೆ ಕೊಟ್ಟರೆ ಅಪಘಾತವಾಗಿ ಎಂಜಿನ್ ನಿಂತ ಮೇಲೂ ಪಂಪ್ ಪೆಟ್ರೋಲ್ ಸುರಿಸುತ್ತಲೇ ಇರುತ್ತದೆ. ಆಕ್ಸಿಜನ್ ಸೆನ್ಸರನ್ನು ಸೈಲೆನ್ಸರ್ ಪೈಪ್‌ನ ಮೇಲ್ಭಾಗದಲ್ಲಿ ಕೂರಿಸಿ, ಕೆಳಗೆ ಕೂರಿಸಿದರೆ ಪೈಪ್‌ನೊಳಗಿನ ನೀರು ಬಿದ್ದು ಸೀಳುತ್ತದೆ.

ಬ್ರೇಕ್

ಇದು ಸ್ಟಾರ್ಟ್ ಮಾಡುವ ಮೊದಲೇ ಮುಗಿದಿರಬೇಕು. ಹಳೇ ಕಾರಿನಲ್ಲಿ ಒಂದೇ ಸರ್ಕ್ಯೂಟ್‌ನ ಮಾಸ್ಟರ್ ಸಿಲಿಂಡರ್ ಇದ್ದರೆ ಬದಲಿಸಿ. ಅದರಲ್ಲಿ ಒಂದು ಪೈಪ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತದೆ. ಎರಡು ಸರ್ಕ್ಯೂಟ್‌ನದು ಹಾಕಿ, ಮುಂದೆ ಡಿಸ್ಕ್ ಹಾಕಿ, ಹೊಸ ಲೋಹದ ಪೈಪ್ ಎಳೆಯಿರಿ. ಶಕ್ತಿ ಎರಡರಷ್ಟಾದ ಕಾರಿಗೆ ಹಳೇ ಡ್ರಮ್ ಉಳಿಸುವ ಮಾತೇ ಬೇಡ.

ಮೊದಲ ಸ್ಟಾರ್ಟ್

ಪಂಪ್ ರಿಲೇ ಕಿತ್ತು, ಆಯಿಲ್ ಪ್ರೆಶರ್ ಕಾಣಿಸುವವರೆಗೆ ಬಿಟ್ಟು ಬಿಟ್ಟು ಸ್ಟಾರ್ಟರ್ ತಿರುಗಿಸಿ. ಆಮೇಲೆ ರಿಲೇ ಹಾಕಿ, ಕೀ ಆನ್ ಮಾಡಿ, ಒಬ್ಬರು ಟಾರ್ಚ್ ಹಿಡಿದು ಪೆಟ್ರೋಲ್ ಜೋಡಣೆಗಳನ್ನೆಲ್ಲ ನೋಡಲಿ. ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಂತಿರಲಿ. ಎಲ್ಲ ಒಣಗಿದ್ದರೆ ಸ್ಟಾರ್ಟ್ ಮಾಡಿ.

ಓಡಿಸುವಾಗ ನಡುಕ ಬಂದರೆ ಖಾಲಿ ರಸ್ತೆಯಲ್ಲಿ ಅದೇ ವೇಗದಲ್ಲಿ ನ್ಯೂಟ್ರಲ್‌ಗೆ ಹಾಕಿ ಬಿಡಿ. ಎಂಜಿನ್ ಐಡ್ಲಿಂಗ್‌ಗೆ ಬಂದ ಮೇಲೂ ನಡುಕ ಉಳಿದರೆ ಶಾಫ್ಟ್ ಅಥವಾ ಚಕ್ರದ್ದು, ಹೋದರೆ ಎಂಜಿನ್, ಕ್ಲಚ್ ಕಡೆಯದ್ದು ಅಥವಾ ಎಳೆಯುವಾಗ ಮಾತ್ರ ಪಿನಿಯನ್ ಕೋನ ತಪ್ಪುತ್ತಿದೆ. ಮೊದಲ ಓಟ ಮುಗಿದು ತಣ್ಣಗಾದ ಮೇಲೆ ಚಕ್ರ, ಮೌಂಟಿಂಗ್, ಶಾಫ್ಟ್, ಯು ಬೋಲ್ಟ್ ಎಲ್ಲವನ್ನೂ ಟಾರ್ಕ್ ರೆಂಚ್‌ನಲ್ಲಿ ಮತ್ತೊಮ್ಮೆ ಬಿಗಿ ಮಾಡಿ. ಸೀಟು, ಕಾರ್ಪೆಟ್, ಗಾಜು ಎಲ್ಲ ಕೂತ ಮೇಲೆ ಸ್ಪ್ರಿಂಗ್ ಇನ್ನಷ್ಟು ತಗ್ಗುತ್ತದೆ. ಟ್ಯಾಂಕ್ ತುಂಬಿಸಿ, ಡ್ರೈವರ್ ಸೀಟಿನಲ್ಲಿ ಒಬ್ಬರನ್ನು ಕೂರಿಸಿ, ಮೂರೂ ಕಡೆ ಗೇಜ್ ಇಟ್ಟು ನೋಡಿ. ನೀವು ಇಟ್ಟಿದ್ದ ಕೋನ ಒಂದು ಡಿಗ್ರಿಗಿಂತ ಜಾಸ್ತಿ ಸರಿದಿದ್ದರೆ ಶಿಮ್ ಬದಲಿಸಿ.