ಕೀನ್ಯಾಕ್ಕೆ ಹೊರಟಿರಾ? ಟಿಕೆಟ್‌ಗಿಂತ ಮೊದಲು ಹಳದಿ ಕಾರ್ಡ್

ನನ್ನ ತಂಗಿ ಮದುವೆಯಾಗಿ ಮೊಂಬಾಸಾಕ್ಕೆ ಹೋದ ಮೇಲೆ ನಮ್ಮ ನೆಂಟರಲ್ಲಿ ಅರ್ಧ ಜನ ಕೀನ್ಯಾ ನೋಡಿಕೊಂಡು ಬಂದಿದ್ದಾರೆ. ಉಳಿದರ್ಧ ಜನ ಒಬ್ಬೊಬ್ಬರಾಗಿ ಹೊರಡುತ್ತಿದ್ದಾರೆ. ಹೊರಡುವ ಮುಂಚೆ ಎಲ್ಲರೂ ನನಗೊಂದು ಫೋನ್ ಮಾಡುತ್ತಾರೆ. ಅವರ ಮೊದಲ ಪ್ರಶ್ನೆ, ‘ಸಿಂಹ ಗ್ಯಾರಂಟಿ ಕಾಣತ್ತಾ?’ ನನ್ನ ಮೊದಲ ಪ್ರಶ್ನೆ, ‘ಯೆಲ್ಲೋ ಫೀವರ್ ಸೂಜಿ ಆಯ್ತಾ?’ ಆ ಕಡೆ ಸ್ವಲ್ಪ ಹೊತ್ತು ಮಾತೇ ಇರುವುದಿಲ್ಲ.

ಅದಕ್ಕೇ ಈ ಲೇಖನ. ಸೂಟ್‌ಕೇಸ್ ತುಂಬುವುದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಎಡವುವುದೆಲ್ಲ ಈ ಸೂಜಿಯಲ್ಲಿ, ಆಮೇಲೆ ಮಲೇರಿಯಾ ಮಾತ್ರೆಯಲ್ಲಿ.

1. ಹಳದಿ ಕಾರ್ಡ್

ಮೊದಲು ಒಂದು ವಿಷಯ ತಲೆಗೆ ಹೋಗಲಿ. ಯೆಲ್ಲೋ ಫೀವರ್ ಎಂಬ, ಸೊಳ್ಳೆಯಿಂದ ಹರಡುವ ಜ್ವರಕ್ಕೆ ಸೂಜಿ ಹಾಕಿಸಿಕೊಂಡರೆ ಕೊಡುವ ಈ ಕಾರ್ಡ್ ಬೇಕಾಗಿರುವುದು ಕೀನ್ಯಾದೊಳಗೆ ಹೋಗೋಕೆ ಅಲ್ಲ, ವಾಪಸ್ ನಮ್ಮ ದೇಶಕ್ಕೆ ಬರೋಕೆ. ಭಾರತದಿಂದ ನೇರವಾಗಿ ಹೋಗುವವರನ್ನು ಕೀನ್ಯಾದವರು ಇದಕ್ಕಾಗಿ ತಡೆಯುವುದಿಲ್ಲ, ಯಾಕೆಂದರೆ ನಮ್ಮಲ್ಲಿ ಆ ಕಾಯಿಲೆಯೇ ಇಲ್ಲ. ಆದರೆ ಅದನ್ನು ಹರಡುವ ಈಡಿಸ್ ಸೊಳ್ಳೆ ನಮ್ಮ ಮನೆ ಹೂಕುಂಡದಲ್ಲೇ ಇದೆ. ಡೆಂಗಿ ತರುವ ಅದೇ ಸೊಳ್ಳೆ. ಒಬ್ಬರು ಸೋಂಕು ಹೊತ್ತು ಬಂದರೆ ಸಾಕು, ಮುಂದಿನದನ್ನು ಸೊಳ್ಳೆ ನೋಡಿಕೊಳ್ಳುತ್ತದೆ. ಸರ್ಕಾರಕ್ಕೆ ಆ ಹೆದರಿಕೆ.

ಈ ಹೆದರಿಕೆ ನಮ್ಮ ಮಲೆನಾಡಿಗೆ ಹೊಸದಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಲ್ಲಿ ಮಂಗಗಳು ಸಾಯತೊಡಗಿದಾಗ ವಿಜ್ಞಾನಿಗಳಿಗೆ ಮೊದಲು ಅನುಮಾನ ಬಂದದ್ದು ಯೆಲ್ಲೋ ಫೀವರ್ ಮೇಲೆಯೇ. ಆಮೇಲೆ ಅದು ಬೇರೆ ವೈರಸ್ ಎಂದು ಗೊತ್ತಾಯಿತು. ಅದೇ ನಮ್ಮ ಮಂಗನ ಕಾಯಿಲೆ.

ಈಗ ಲೆಕ್ಕ. ಸೂಜಿ ಹಾಕಿಸಿಕೊಂಡ 10 ದಿನದ ಮೇಲೆ ಕಾರ್ಡಿಗೆ ಬೆಲೆ ಬರುತ್ತದೆ. ಒಂದನೇ ತಾರೀಕು ಹಾಕಿಸಿಕೊಂಡರೆ ಹನ್ನೊಂದನೇ ತಾರೀಕಿಂದ. ಅದಕ್ಕೂ ಮೊದಲು ಅದು ಬರೀ ಹಳದಿ ಕಾಗದ. ಕಾರ್ಡ್ ಇಲ್ಲದೆ, ಅಥವಾ 10 ದಿನ ತುಂಬದೆ, ಆ ದೇಶ ಬಿಟ್ಟು 6 ದಿನದೊಳಗೆ ನಮ್ಮ ಏರ್‌ಪೋರ್ಟಲ್ಲಿ ಇಳಿದರೆ ಕ್ವಾರಂಟೈನ್. ಅಲ್ಲಿಂದ ಹೊರಟು 6 ದಿನ ತುಂಬುವವರೆಗೆ ಅಥವಾ ಕಾರ್ಡಿನ 10 ದಿನ ತುಂಬುವವರೆಗೆ, ಯಾವುದು ಮೊದಲೋ ಅಲ್ಲಿವರೆಗೆ.

ನನ್ನ ದೊಡ್ಡಪ್ಪನ ಮಗ ಕಂಪನಿ ಕೆಲಸದ ಮೇಲೆ ಐದು ದಿನಕ್ಕೆ ನೈರೋಬಿಗೆ ಹೋಗಿದ್ದ. ಸೂಜಿ ಚುಚ್ಚಿಸಿಕೊಂಡಿದ್ದು ಹೊರಡುವ ಎರಡು ದಿನ ಮುಂಚೆ. ವಾಪಸ್ ಇಳಿದಾಗ ಕಾರ್ಡಿಗೆ ಏಳು ದಿನ. ಮನೆಯಲ್ಲಿ ಒಬ್ಬಟ್ಟು ಮಾಡಿ ಕಾಯುತ್ತಿದ್ದರು, ಅವನು ಮೂರು ದಿನ ಬಿಟ್ಟು ಬಂದ. ‘ನೈರೋಬಿಯಲ್ಲಿ ಆ ಕಾಯಿಲೆ ಎಲ್ಲಿದೆಯೋ’ ಎಂದು ಈಗಲೂ ಗೊಣಗುತ್ತಾನೆ. ನಿಜ, ನೈರೋಬಿಯಲ್ಲಿ ಅಪಾಯ ಕಡಿಮೆ. ಆದರೆ ನಮ್ಮ ಏರ್‌ಪೋರ್ಟಿನ ಆರೋಗ್ಯ ಕೌಂಟರಿನವರು ಊರು ನೋಡುವುದಿಲ್ಲ, ದೇಶ ನೋಡುತ್ತಾರೆ.

ಹಾಗಾದರೆ ಮೂರು ವಾರದ ಪ್ರವಾಸಕ್ಕೆ ಹೋಗುವವರು ಹಿಂದಿನ ದಿನ ಹಾಕಿಸಿಕೊಂಡರೆ ನಡೆಯುತ್ತಲ್ವಾ? ಕೌಂಟರಿಗೆ ನಡೆಯುತ್ತದೆ. ನಿಮ್ಮ ದೇಹಕ್ಕೆ ನಡೆಯುವುದಿಲ್ಲ. ಲಸಿಕೆ ಕೆಲಸ ಶುರು ಮಾಡುವ ಹೊತ್ತಿಗೆ ನಿಮ್ಮ ಪ್ರವಾಸ ಹೆಚ್ಚುಕಮ್ಮಿ ಅರ್ಧ ಮುಗಿದಿರುತ್ತದೆ.

ಸೂಜಿ ಎಲ್ಲಿ ಸಿಗುತ್ತದೆ? ಮನೆ ಪಕ್ಕದ ನರ್ಸಿಂಗ್ ಹೋಮಲ್ಲಿ ಸಿಗುವುದಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯ ಒಪ್ಪಿದ ಕೇಂದ್ರಗಳಲ್ಲಿ ಮಾತ್ರ. ಪಟ್ಟಿ ಅವರ ವೆಬ್‌ಸೈಟಲ್ಲಿದೆ. ಬೇರೆ ಕಡೆ ಯಾರೇ ಚುಚ್ಚಿದರೂ ಆ ಕಾರ್ಡ್ ನಡೆಯುವುದಿಲ್ಲ. ಇನ್ನೊಂದು, ಬಹಳಷ್ಟು ಕೇಂದ್ರಗಳಲ್ಲಿ ಈ ಸೂಜಿ ದಿನಾ ಇರುವುದಿಲ್ಲ. ಒಂದು ವಯಲ್‌ನಲ್ಲಿ ಹಲವರಿಗಾಗುವಷ್ಟು ಲಸಿಕೆ ಇರುತ್ತದೆ, ಒಡೆದ ಮೇಲೆ ಕೆಲವೇ ಗಂಟೆಯಲ್ಲಿ ಮುಗಿಸಬೇಕು. ಹಾಗಾಗಿ ವಾರದಲ್ಲಿ ಒಂದೋ ಎರಡೋ ದಿನ ಇಷ್ಟು ಜನಕ್ಕೆ ಅಂತ ಕರೆಯುತ್ತಾರೆ. ಸ್ಟಾಕ್ ಖಾಲಿಯಾದರೆ ಮುಂದಿನ ವಾರ. ಅದಕ್ಕೇ ನಾನು ಹೇಳುವುದು: ಒಂದೂವರೆ ತಿಂಗಳು ಮೊದಲೇ ಫೋನ್ ಮಾಡಿ, ಸೂಜಿಯ ತಾರೀಕು ಸಿಕ್ಕ ಮೇಲೆ ಟಿಕೆಟ್ ತೆಗೆಯಿರಿ. ಆಫರ್ ಇದೆ ಅಂತ ಮೊದಲು ಟಿಕೆಟ್ ತೆಗೆದವರೆಲ್ಲ ಆಮೇಲೆ ಕೇಂದ್ರದ ಬಾಗಿಲಲ್ಲಿ ಅಂಗಲಾಚುವುದನ್ನು ನೋಡಿದ್ದೇನೆ.

ಆ ದಿನ ತಿಂಡಿ ತಿಂದು ಹೋಗಿ. ಒರಿಜಿನಲ್ ಪಾಸ್‌ಪೋರ್ಟ್ ಮತ್ತು ಅದರ ಜೆರಾಕ್ಸ್ ಜೊತೆಗಿರಲಿ. ಮೊಟ್ಟೆ ಅಲರ್ಜಿ ಇದ್ದರೆ, ಬಸುರಿಯಾಗಿದ್ದರೆ, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತಗೊಳ್ಳುತ್ತಿದ್ದರೆ ವೈದ್ಯರಿಗೆ ಮೊದಲೇ ಹೇಳಿ, ಇದು ಜೀವಂತ ವೈರಸ್ಸಿನ ಲಸಿಕೆ. 9 ತಿಂಗಳು ತುಂಬದ ಕೂಸಿಗೆ ಹಾಕುವುದಿಲ್ಲ. 60 ದಾಟಿದವರಿಗೆ ಯೋಚಿಸಿ ಹಾಕುತ್ತಾರೆ. ಮಗಳ ಬಾಣಂತನಕ್ಕೆ ಹೊರಟ ಅಜ್ಜಿಯರು ಇದನ್ನು ಗಮನಿಸಿ. ವೈದ್ಯರು ಬೇಡ ಎಂದರೆ ವಿನಾಯಿತಿ ಪತ್ರ ಬರೆಸಿಕೊಂಡು, ವಾಪಸ್ ಬರುವಾಗ ಏನಾಗುತ್ತದೆ ಎಂದು ಏರ್‌ಪೋರ್ಟ್ ಆರೋಗ್ಯ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ. ಸೂಜಿಯಾದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ.

ಕೂತಿರುವಾಗ ಕಾರ್ಡ್ ಓದಿ. ಯಾರೂ ಓದುವುದಿಲ್ಲ! ಮಡಚಿ ಜೇಬಿಗಿಟ್ಟು ಹೊರಡುತ್ತಾರೆ. ನಮ್ಮ ಕಡೆಯವರಿಗೆ ತೊಂದರೆ ಇರುವುದು ಇನಿಷಿಯಲ್‌ನಲ್ಲಿ. ಹೆಸರಿನ ಮುಂದೆ ಎರಡಕ್ಷರ, ಒಂದು ಊರಿನದು, ಒಂದು ಅಪ್ಪನದು. ಪಾಸ್‌ಪೋರ್ಟಲ್ಲಿ ಅದನ್ನು ಬಿಡಿಸಿ ಬರೆಸಿರುತ್ತೇವೆ. ಕೌಂಟರಲ್ಲಿ ಹೆಸರು ಕೇಳಿದಾಗ ಬಾಯಿಗೆ ಬರುವುದು ಇನಿಷಿಯಲ್ಲು. ಅವರೂ ಹಾಗೇ ಬರೆದುಬಿಡುತ್ತಾರೆ. ಹಾಗಾಗಿ ಬಾಯಲ್ಲಿ ಹೇಳಬೇಡಿ, ಪಾಸ್‌ಪೋರ್ಟ್ ತೆರೆದು ಮುಂದಿಡಿ. ಹೆಸರು, ಪಾಸ್‌ಪೋರ್ಟ್ ನಂಬರ್, ಸೂಜಿಯ ತಾರೀಕು, ಬ್ಯಾಚ್ ನಂಬರ್, ವೈದ್ಯರ ಸಹಿ, ಕೇಂದ್ರದ ಸೀಲು, ಆರೂ ಇವೆಯಾ ನೋಡಿ. ಏಳನೆಯದು ನಿಮ್ಮದೇ ಸಹಿ, ಅದನ್ನು ಅಲ್ಲೇ ಹಾಕಿ. ತಾರೀಕನ್ನು ತಿದ್ದಿ ಮೇಲೆ ಬರೆದಿದ್ದರೆ ಹೊಸ ಕಾರ್ಡ್ ಕೇಳಿ. ನಾಚಿಕೆ ಬೇಡ.

ಒಂದು ಸಲ ಹಾಕಿಸಿಕೊಂಡರೆ ಜೀವಮಾನಕ್ಕೆ ಸಾಕು. ಮೊದಲು 10 ವರ್ಷ ಇತ್ತು, 2016ರ ಜುಲೈಯಿಂದ ಬದಲಾಯಿತು. ಹಳೇ ಕಾರ್ಡಿದ್ದರೆ ಬಿಸಾಡಬೇಡಿ, ಅದೂ ನಡೆಯುತ್ತದೆ. ಆಮೇಲೆ ಪಾಸ್‌ಪೋರ್ಟ್ ಹೊಸದಾಗಿದ್ದರೆ ಹಳೆಯದನ್ನೂ ಜೊತೆಗಿಟ್ಟುಕೊಳ್ಳಿ, ನಂಬರ್ ತಾಳೆಯಾಗಬೇಕಲ್ವಾ.

‘ಸೂಜಿ ಬೇಡ ಸಾರ್, ಕಾರ್ಡ್ ಮಾಡಿಸಿ ಕೊಡ್ತೀನಿ’ ಎನ್ನುವ ಏಜೆಂಟರು ಸಿಗುತ್ತಾರೆ. ಅವರಿಗೆ ದುಡ್ಡು ಕೊಡುವ ಬದಲು ಅದೇ ದುಡ್ಡಿಗೆ ಒಳ್ಳೆಯ ಬೈನಾಕ್ಯುಲರ್ ತಗೊಳ್ಳಿ. ಇನ್ನು, ಆಡಿಸ್ ಅಬಾಬಾದಲ್ಲಿ ವಿಮಾನ ಬದಲಿಸಿ ಬೇರೆ ದೇಶಕ್ಕೆ ಹೋಗುವವರು, ‘ನಾವು ಏರ್‌ಪೋರ್ಟ್ ಬಿಟ್ಟು ಹೊರಗೇ ಬರಲ್ಲ’ ಎನ್ನುತ್ತಾರೆ. ಆದರೆ ಇಥಿಯೋಪಿಯಾವೂ ಯೆಲ್ಲೋ ಫೀವರ್ ದೇಶಗಳ ಪಟ್ಟಿಯಲ್ಲಿದೆ. ಏರ್‌ಪೋರ್ಟ್ ಒಳಗೇ ಇದ್ದವರಿಗೆ ವಿನಾಯಿತಿ ಇದೆ, ಆದರೆ ಆರೋಗ್ಯ ಅಧಿಕಾರಿ ಒಪ್ಪಿದರೆ ಮಾತ್ರ. ಬೆಳಗಿನ ಜಾವ ಇಳಿದು, ನಿದ್ದೆಗಣ್ಣಲ್ಲಿ ಒಬ್ಬ ಅಧಿಕಾರಿಯನ್ನು ಒಪ್ಪಿಸುವ ಧೈರ್ಯ ನನಗಿಲ್ಲ.

2. ಮಲೇರಿಯಾ ಮಾತ್ರೆ

ಇಲ್ಲಿ ಮಂಗಳೂರಿನವರೇ ಜಾಸ್ತಿ ವಾದ ಮಾಡುವುದು. ‘ನಮಗೆ ಮಲೇರಿಯಾ ಹೊಸದಾ?’ ಹೊಸದಲ್ಲ, ಆದರೆ ಬೇರೆ. ಮಂಗಳೂರಲ್ಲಿ ಹೆಚ್ಚಾಗಿ ಕಂಡದ್ದು ವೈವಾಕ್ಸ್ ಎಂಬ ಜಾತಿಯ ಮಲೇರಿಯಾ. ಕೀನ್ಯಾದಲ್ಲಿ ಹೆಚ್ಚುಕಮ್ಮಿ ಎಲ್ಲವೂ ಫಾಲ್ಸಿಪ್ಯಾರಂ, ತಡ ಮಾಡಿದರೆ ಮೆದುಳಿಗೆ ಏರುವ ಜಾತಿ. ಮನೆಯಲ್ಲಿ ಉಳಿದಿರುವ ಕ್ಲೋರೋಕ್ವಿನ್ ಮಾತ್ರೆ ಅದರ ಮುಂದೆ ನಿಲ್ಲುವುದಿಲ್ಲ. ಸಾವಿರದ ಎಂಟುನೂರು ಮೀಟರ್ ಎತ್ತರದ ನೈರೋಬಿಯಲ್ಲಿ ಅಪಾಯ ಕಡಿಮೆ. ಮೊಂಬಾಸಾ ಕರಾವಳಿ ಮತ್ತು ವಿಕ್ಟೋರಿಯಾ ಸರೋವರದ ಸುತ್ತ ಜಾಸ್ತಿ. ಸಫಾರಿಗೆ ಹೋಗುವ ಮಸಾಯಿ ಮಾರಾ ಅಭಯಾರಣ್ಯದಲ್ಲೂ ಇದೆ.

ಯಾವ ಮಾತ್ರೆ ಎಂದು ವೈದ್ಯರು ಹೇಳಬೇಕು, ನಾನಲ್ಲ. ಸಾಮಾನ್ಯವಾಗಿ ಬರೆಯುವುದು ಡಾಕ್ಸಿಸೈಕ್ಲಿನ್: ಹೊರಡುವ ಒಂದೆರಡು ದಿನ ಮೊದಲು ಶುರು, ದಿನಕ್ಕೊಂದು, ವಾಪಸ್ ಬಂದ ಮೇಲೆ 4 ವಾರ. ಚಿಕ್ಕ ಮಕ್ಕಳಿಗೆ, ಬಸುರಿಯರಿಗೆ ಆಗದು. ಅಟೋವಾಕ್ವೋನ್–ಪ್ರೋಗ್ವಾನಿಲ್ ಆದರೆ ಬಂದ ಮೇಲೆ 7 ದಿನ ಸಾಕು, ಆದರೆ ಬೆಲೆ ಜಾಸ್ತಿ, ಎಲ್ಲ ಮೆಡಿಕಲ್ ಶಾಪಲ್ಲೂ ಸಿಗುವುದಿಲ್ಲ. ವಾರಕ್ಕೊಂದು ತಗೊಳ್ಳುವ ಮೆಫ್ಲೋಕ್ವಿನ್ ಇದೆ. ಖಿನ್ನತೆ ಅಥವಾ ಫಿಟ್ಸ್ ಇದ್ದವರಿಗೆ ಅದು ಬೇಡವೇ ಬೇಡ.

ಡಾಕ್ಸಿಸೈಕ್ಲಿನ್ ತಗೊಳ್ಳುವವರು ಊಟ ಮಾಡಿ, ದೊಡ್ಡ ಲೋಟದ ತುಂಬ ನೀರಿನ ಜೊತೆ ನುಂಗಿ. ನುಂಗಿದ ತಕ್ಷಣ ಮಲಗಬೇಡಿ. ನಮ್ಮ ಅತ್ತಿಗೆ ರಾತ್ರಿ ಹಾಸಿಗೆಯಲ್ಲೇ ಒಂದು ಗುಟುಕು ನೀರಲ್ಲಿ ನುಂಗಿ ಮಲಗಿದ್ದರು. ಮಾತ್ರೆ ಅನ್ನನಾಳದಲ್ಲಿ ಅಂಟಿಕೊಂಡು, ಎರಡು ದಿನ ಬರೀ ಗಂಜಿ. ಇದನ್ನು ತಗೊಂಡಾಗ ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ, ಟೋಪಿ ಮರೆಯಬೇಡಿ.

ಎಲ್ಲರೂ ಮಾಡುವ ತಪ್ಪು ಮಾತ್ರ ವಾಪಸ್ ಬಂದ ಮೇಲಿನದು. ‘ಮನೆಗೆ ಬಂದೆವಲ್ಲ, ಇನ್ನೇನು ಸೊಳ್ಳೆ?’ ಎಂದು ಮಾತ್ರೆ ನಿಲ್ಲಿಸುತ್ತಾರೆ. ಕೊನೆಯ ದಿನ ಕಚ್ಚಿದ ಸೊಳ್ಳೆ ಬಿಟ್ಟ ಮಲೇರಿಯಾ ರೋಗಾಣು ಮೊದಲು ಪಿತ್ತಜನಕಾಂಗದಲ್ಲಿ ಅಡಗಿದ್ದು ಆಮೇಲೆ ರಕ್ತಕ್ಕೆ ಇಳಿಯುತ್ತದೆ. ಡಾಕ್ಸಿಸೈಕ್ಲಿನ್ ಅದನ್ನು ಹಿಡಿಯುವುದು ರಕ್ತದಲ್ಲಿ. ಅದಕ್ಕೇ ಆ 4 ವಾರ.

ಮಾತ್ರೆ ಇದೆ ಅಂತ ಸೊಳ್ಳೆಗೆ ಕೈ ಕೊಡಬೇಡಿ. ಸೊಳ್ಳೆಯನ್ನು ದೂರ ಇಡುವ ಡೀಟ್ ಎಂಬ ರಾಸಾಯನಿಕ 20ರಿಂದ 30 ಶೇಕಡಾ ಇರುವ ಕ್ರೀಮ್ ಅಥವಾ ಸ್ಪ್ರೇ ತಗೊಳ್ಳಿ, ಡಬ್ಬಿಯ ಹಿಂದೆ ಓದಿ. ಮೊದಲು ಸನ್‌ಸ್ಕ್ರೀನ್, ಅದು ಒಣಗಿದ ಮೇಲೆ ಇದು. ಮಲೇರಿಯಾ ಸೊಳ್ಳೆ ಕಚ್ಚುವುದು ಸಂಜೆಯಿಂದ ಬೆಳಗಿನವರೆಗೆ, ಆ ಹೊತ್ತಿಗೆ ತುಂಬು ತೋಳಿನ ಅಂಗಿ. ಕೈಗೆ ಕಟ್ಟುವ ಬಣ್ಣಬಣ್ಣದ ಬ್ಯಾಂಡು, ಶಬ್ದ ಮಾಡಿ ಸೊಳ್ಳೆ ಓಡಿಸುವ ಮೊಬೈಲ್ ಆ್ಯಪ್ ಎಲ್ಲ ಸುಮ್ನೆ. ಮನೆಯ ಲಿಕ್ವಿಡ್ ಮಷೀನನ್ನೂ ನಂಬಬೇಡಿ, ಮಾರಾದ ಎಷ್ಟೋ ಟೆಂಟ್ ಕ್ಯಾಂಪುಗಳಲ್ಲಿ ರಾತ್ರಿ ಜನರೇಟರ್ ಆಫ್ ಮಾಡುತ್ತಾರೆ. ಸೊಳ್ಳೆಪರದೆ ಇರುತ್ತದೆ. ಅಂಚನ್ನು ಹಾಸಿಗೆಯ ಅಡಿಗೆ ಸಿಕ್ಕಿಸಿಯೇ ಮಲಗಿ.

3. ಪ್ರವೇಶ ಪತ್ರ, ದುಡ್ಡು, ಪ್ಲಗ್ಗು

2024ರ ಜನವರಿಯಿಂದ ಕೀನ್ಯಾಕ್ಕೆ ವೀಸಾ ಇಲ್ಲ, ಆನ್‌ಲೈನಲ್ಲಿ ಇಟಿಎ ಎಂಬ ಪ್ರಯಾಣದ ಅನುಮತಿ ತಗೊಳ್ಳಬೇಕು. ಎರಡು ವಾರ ಮೊದಲು ಹಾಕಿ. ನಕಲಿ ವೆಬ್‌ಸೈಟುಗಳು ಬೇಕಾದಷ್ಟಿವೆ. ವಿಳಾಸ ‘ಗೋ ಡಾಟ್ ಕೆಇ’ ಎಂದು ಮುಗಿದರೆ ಸರ್ಕಾರದ್ದು.

ಡಾಲರ್ ನೋಟು ಹೊಸದಿರಲಿ. ಹರಿದದ್ದು, ಗೀಚಿದ್ದು, ತುಂಬ ಹಳೆಯದು ಯಾರೂ ಮುಟ್ಟುವುದಿಲ್ಲ. ಅಲ್ಲಿ ತರಕಾರಿ ಅಂಗಡಿಯಿಂದ ಹಿಡಿದು ಎಲ್ಲ ಕಡೆ ಎಂ-ಪೆಸಾ ನಡೆಯುತ್ತದೆ. ನಾವು ಯುಪಿಐ ಹೆಸರು ಕೇಳುವ ಎಷ್ಟೋ ಮುಂಚೆ, 2007ರಲ್ಲೇ, ಅವರು ಮೊಬೈಲಲ್ಲಿ ದುಡ್ಡು ಕಳಿಸುತ್ತಿದ್ದರು. ಪಾಸ್‌ಪೋರ್ಟ್ ತೋರಿಸಿ ಸಿಮ್ ತಗೊಂಡರೆ ನೀವೂ ಬಳಸಬಹುದು.

ಪ್ಲಗ್ಗು ಮೂರು ಚಪ್ಪಟೆ ಕಾಲಿನದು, ಇಂಗ್ಲೆಂಡಿನ ತರಹ. ಅಡಾಪ್ಟರ್ ಇಲ್ಲಿಂದಲೇ ಒಯ್ಯಿರಿ.

4. ಚೀಲ

2017ರ ಆಗಸ್ಟಿಂದ ಅಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧ. ನಮ್ಮಲ್ಲಿನ ತರಹದ ನಿಷೇಧ ಅಲ್ಲ, ನಿಜವಾದ ನಿಷೇಧ. ಡ್ಯೂಟಿ ಫ್ರೀ ಅಂಗಡಿಯ ಕವರನ್ನೂ ಒಳಗೆ ಬಿಡುವುದಿಲ್ಲ. ನಮ್ಮಮ್ಮ ತಂಗಿಗೆಂದು ಕಟ್ಟಿದ ಗಂಟಿನಲ್ಲಿ ಚಟ್ನಿಪುಡಿಗೆ ಒಂದು ಕವರು, ಅದರ ಮೇಲೆ ಇನ್ನೊಂದು ಕವರು, ಎಣ್ಣೆ ಸೋರದಿರಲಿ ಅಂತ ಬಟ್ಟೆ ಅಂಗಡಿಯ ಮೂರನೇ ಕವರು, ಅದಕ್ಕೆ ನಾಲ್ಕು ಸುತ್ತು ರಬ್ಬರ್ ಬ್ಯಾಂಡು. ಎಲ್ಲ ಬಿಚ್ಚಿಸಿದೆ. ಪುಡಿಗೆ ಸ್ಟೀಲ್ ಡಬ್ಬಿ, ಚಕ್ಕುಲಿಗೆ ಬಟರ್ ಪೇಪರ್, ಚಪ್ಪಲಿಗೆ ಬಟ್ಟೆ ಚೀಲ. 2020ರ ಜೂನಿಂದ ಅಭಯಾರಣ್ಯಗಳಲ್ಲಿ ಒಂದೇ ಸಲ ಬಳಸಿ ಬಿಸಾಡುವ ಪ್ಲಾಸ್ಟಿಕ್ ಬಾಟಲಿಯೂ ಇಲ್ಲ. ಸ್ಟೀಲ್ ಬಾಟಲಿ ಒಯ್ಯಿರಿ.

ಮಾರಾಕ್ಕೆ ಸಣ್ಣ ವಿಮಾನದಲ್ಲಿ ಹೋಗುವುದಾದರೆ 15 ಕೆ.ಜಿ. ಮಾತ್ರ, ಅದೂ ಮೆತ್ತನೆಯ ಬಟ್ಟೆಯ ಬ್ಯಾಗಲ್ಲಿ. ಗಟ್ಟಿ ಸೂಟ್‌ಕೇಸ್ ಅಲ್ಲಿ ಹಿಡಿಸುವುದೇ ಇಲ್ಲ.

ಆಫ್ರಿಕಾ ಅಂದರೆ ಸೆಕೆ ಎಂದುಕೊಂಡು ಬರೀ ಟಿ-ಶರ್ಟ್ ತುಂಬಬೇಡಿ. ನೈರೋಬಿ ಬೆಂಗಳೂರಿಗಿಂತ ಎರಡು ಪಟ್ಟು ಎತ್ತರದಲ್ಲಿದೆ, ಜುಲೈಯಲ್ಲಿ ಚಳಿ. ಬೆಳಗ್ಗೆ ಆರಕ್ಕೆ ತೆರೆದ ಜೀಪಲ್ಲಿ ಸ್ವೆಟರ್ ಇಲ್ಲದೆ ಕೂತವರು ಸಿಂಹ ನೋಡುವುದಿಲ್ಲ, ಹಲ್ಲು ಕಡಿಯುತ್ತಾರೆ. ಸಫಾರಿಗೆ ಕಡು ನೀಲಿ, ಕಪ್ಪು ಬಟ್ಟೆ ಬೇಡ. ಕಚ್ಚುವ ಸೆಟ್ಸೆ ನೊಣ ಆ ಬಣ್ಣಕ್ಕೇ ಬರುತ್ತದೆ. ಅದನ್ನು ಹಿಡಿಯುವ ಬಲೆಯನ್ನೂ ನೀಲಿ, ಕಪ್ಪು ಬಟ್ಟೆಯಲ್ಲೇ ಮಾಡುತ್ತಾರೆ.

ಊಟದ ಚಿಂತೆಗೆ ಇಪ್ಪತ್ತು ಪ್ಯಾಕೆಟ್ ರೆಡಿಮೇಡ್ ಉಪ್ಪಿಟ್ಟು ಹೊರಬೇಡಿ. ಅಲ್ಲಿ ಚಪಾತಿಗೆ ಚಪಾತಿ ಅಂತಲೇ ಹೆಸರು, ಎಲ್ಲ ಕಡೆ ಸಿಗುತ್ತದೆ. ಮೆಕ್ಕೆಜೋಳದ ಹಿಟ್ಟಿನ ಉಗಾಲಿ ನಮ್ಮ ಮುದ್ದೆಯ ದಾಯಾದಿ, ಪಕ್ಕದಲ್ಲಿ ಸುಕುಮಾ ವಿಕಿ ಎಂಬ ಸೊಪ್ಪಿನ ಪಲ್ಯ. ಮುದ್ದೆ ಉಣ್ಣುವವರಿಗೆ ಚಟ್ನಿಪುಡಿ ಒಂದಿದ್ದರೆ ಸಾಕು. ನಲ್ಲಿ ನೀರು ಮಾತ್ರ ಕುಡಿಯಬೇಡಿ. ಓಆರ್‌ಎಸ್ ನಾಲ್ಕು ಪೊಟ್ಟಣ ಇರಲಿ.

5. ವಾಪಸ್ ಬರುವಾಗ

ಬಂದ ಮೇಲೆ ತಿಂಗಳುಗಟ್ಟಲೆ ಬಿಟ್ಟು ಜ್ವರ ಬಂದರೂ ಡಾಕ್ಟರಿಗೆ ಮೊದಲ ಮಾತೇ ‘ಕೀನ್ಯಾಕ್ಕೆ ಹೋಗಿದ್ದೆ’ ಎಂದಿರಲಿ. ಅವತ್ತೇ ರಕ್ತ ಪರೀಕ್ಷೆ ಮಾಡಿಸಿ. ವೈರಲ್ ಇರಬೇಕು ಅಂತ ಪ್ಯಾರಾಸಿಟಮಾಲ್ ನುಂಗಿ ಕೂರಬೇಡಿ.

ಹಳದಿ ಕಾರ್ಡನ್ನು ಪಾಸ್‌ಪೋರ್ಟಿನ ಒಳಗೇ ಇಡಿ. ಅಮ್ಮ ಅದನ್ನು ‘ಭದ್ರವಾಗಿರಲಿ’ ಅಂತ ದೊಡ್ಡ ಸೂಟ್‌ಕೇಸಿನ ತಳದಲ್ಲಿ, ಸೀರೆ ಮಡಿಕೆಯೊಳಗೆ ಇಟ್ಟಿದ್ದರು. ಆರೋಗ್ಯ ಕೌಂಟರ್ ಸಿಗುವುದು ಇಮಿಗ್ರೇಷನ್‌ಗೂ ಮೊದಲು. ಸೂಟ್‌ಕೇಸ್ ಬರುವ ಬೆಲ್ಟ್ ಅದರ ಆಚೆ.