ಕುರು ಎದ್ದಾಗ ಮನೆಯಲ್ಲಿ ಮಾಡಬೇಕಾದದ್ದು, ವೈದ್ಯರಿಗೆ ಬಿಡಬೇಕಾದದ್ದು

ಮಾವಿನ ಹಣ್ಣಿನ ಕಾಲದಲ್ಲಿ ಮಕ್ಕಳ ಮೈಮೇಲೆ ಕುರು ಎದ್ದರೆ ಎಷ್ಟೋ ಮನೆಗಳಲ್ಲಿ ದೂರು ಹಣ್ಣಿನ ಉಷ್ಣದ ಮೇಲೆ ಬೀಳುತ್ತದೆ. ಆದರೆ ಹೆಚ್ಚಿನ ಕುರುಗಳಿಗೆ ಕಾರಣ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯ. ಸ್ಕಾಟ್ಲೆಂಡಿನ ಅಬರ್ಡೀನ್ ನಗರದ ಶಸ್ತ್ರವೈದ್ಯ ಅಲೆಕ್ಸಾಂಡರ್ ಓಗ್ಸ್ಟನ್ 1880ರ ಸುಮಾರಿಗೆ ರೋಗಿಗಳ ಕೀವನ್ನು ಸೂಕ್ಷ್ಮದರ್ಶಕದಡಿ ಇಟ್ಟು, ದ್ರಾಕ್ಷಿ ಗೊಂಚಲಿನಂತೆ ಗುಂಪುಗೂಡಿದ ಈ ಜೀವಿಗಳನ್ನು ಗುರುತಿಸಿದರು. ಆರೋಗ್ಯವಂತರಲ್ಲಿ ಸುಮಾರು ಮೂವರಲ್ಲಿ ಒಬ್ಬರ ಮೂಗಿನೊಳಗೆ ಇದು ಯಾವ ತೊಂದರೆಯನ್ನೂ ಕೊಡದೆ ನೆಲೆಸಿರುತ್ತದೆ. ತುರಿಕೆ, ಕ್ಷೌರದ ಗೀರು ಅಥವಾ ಬಿಗಿ ಉಡುಪಿನ ಉಜ್ಜಾಟದಿಂದ ಚರ್ಮಕ್ಕೆ ಗಾಯವಾದಾಗ ಕೂದಲಿನ ಬುಡಕ್ಕಿಳಿದು ಕೀವು ಕಟ್ಟಿಸುತ್ತದೆ. ಸೆಖೆ ಮತ್ತು ಬೆವರು ಅದಕ್ಕೆ ಅನುಕೂಲ ಮಾಡಿಕೊಡುತ್ತವೆ. ಮಾವು, ಪಾಪ, ಅದೇ ಹೊತ್ತಿಗೆ ಮಾರುಕಟ್ಟೆಗೆ ಬಂದಿರುತ್ತದೆ, ಅಷ್ಟೆ.

ಮೊದಲು ಈ ಕುರುವನ್ನು ಮನೆಯಲ್ಲಿ ನೋಡಿಕೊಳ್ಳಬಹುದೇ ಎಂದು ತೀರ್ಮಾನಿಸಿಕೊಳ್ಳಬೇಕು. ಮಧುಮೇಹಿಗಳು, ಸ್ಟೀರಾಯ್ಡ್ ಸೇವಿಸುತ್ತಿರುವವರು ಮತ್ತು ಹಸುಗೂಸುಗಳ ವಿಷಯದಲ್ಲಿ ಕಾಯುವುದು ಬೇಡ. ಮೂಗಿನ ಸುತ್ತ ಅಥವಾ ಮೇಲ್ದುಟಿಯ ಮೇಲೆ ಎದ್ದ ಕುರುವನ್ನೂ ವೈದ್ಯರಿಗೇ ತೋರಿಸಬೇಕು, ಏಕೆಂದರೆ ಆ ಭಾಗದ ರಕ್ತನಾಳಗಳು ಮಿದುಳಿನ ಬುಡದ ರಕ್ತನಾಳಗಳೊಂದಿಗೆ ಸಂಪರ್ಕ ಹೊಂದಿದ್ದು, ಅಪರೂಪಕ್ಕೆ ಸೋಂಕು ಅಲ್ಲಿಯವರೆಗೆ ಹೋದದ್ದುಂಟು.

ಉಳಿದಂತೆ, ಸಣ್ಣ ಕುರುವಿಗೆ ಶಾಖವೇ ಮುಖ್ಯ ಚಿಕಿತ್ಸೆ. ಸೋಪು ಹಚ್ಚಿ ಕೈ ತೊಳೆದುಕೊಂಡು, ಮಣಿಕಟ್ಟಿನ ಒಳಭಾಗಕ್ಕೆ ಹಿತವೆನಿಸುವಷ್ಟು ಬಿಸಿಯಾದ ನೀರಿನಲ್ಲಿ ಶುಭ್ರವಾದ ಹತ್ತಿಬಟ್ಟೆಯನ್ನು ಅದ್ದಿ, ಹಿಂಡಿ, ಕುರುವಿನ ಮೇಲೆ 10ರಿಂದ 15 ನಿಮಿಷ ಇಡಬೇಕು. ಬಟ್ಟೆ ಆರಿದಂತೆ ಮತ್ತೆ ಅದ್ದಬೇಕು. ದಿನಕ್ಕೆ ಮೂರು ನಾಲ್ಕು ಬಾರಿ ಹೀಗೆ ಮಾಡಿದರೆ ಆ ಜಾಗಕ್ಕೆ ರಕ್ತಸಂಚಾರ ಹೆಚ್ಚಿ, ಕುರು ಹಣ್ಣಾಗಿ, ಕೆಲವು ದಿನಗಳಲ್ಲಿ ತಾನಾಗಿಯೇ ಬಾಯಿಬಿಡುತ್ತದೆ. ಬಿಳಿಯ ತುದಿ ಕಂಡೊಡನೆ ಸೂಜಿಯಿಂದ ಚುಚ್ಚುವ, ಎರಡು ಹೆಬ್ಬೆರಳುಗಳಿಂದ ಹಿಂಡುವ ಆತುರವೇ ಹೆಚ್ಚಿನ ಅನಾಹುತಗಳ ಮೂಲ, ಏಕೆಂದರೆ ಹಿಂಡಿದಾಗ ಕೀವು ಹೊರಬರುವಷ್ಟೇ ಸುಲಭವಾಗಿ ಒಳಕ್ಕೂ ನುಗ್ಗಬಲ್ಲದು. ಸುಣ್ಣ ಹಚ್ಚುವ ರೂಢಿಯೂ ಒಳ್ಳೆಯದಲ್ಲ. ಅದು ಚರ್ಮವನ್ನೇ ಸುಡುತ್ತದೆ.

ಕುರು ಒಡೆದ ಮೇಲೆ ಕೀವನ್ನು ಮೆಲ್ಲನೆ ಒರೆಸಿ, ಸೋಪುನೀರಿನಿಂದ ತೊಳೆದು, ಗಾಯಕ್ಕೆ ಕಟ್ಟುವ ತೆಳುವಾದ ಒಣ ಬಟ್ಟೆಯಿಂದ (ಗಾಝ್) ಮುಚ್ಚಬೇಕು. ಬಟ್ಟೆ ಒದ್ದೆಯಾದಾಗಲೆಲ್ಲ ಬದಲಿಸಿ, ತೆಗೆದದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಬೇಕು. ಟವೆಲ್, ರೇಜರ್‌ಗಳನ್ನು ಹಂಚಿಕೊಳ್ಳಬಾರದು. ಕೈಬೆರಳಿಗೆ ಕುರುವಾದವರು ವಾಸಿಯಾಗುವವರೆಗೆ ಅಡುಗೆಮನೆಯಿಂದ ದೂರವಿರುವುದು ಲೇಸು. ಮದುವೆಮನೆಯ ಅಡುಗೆಯಂತೆ ಗಂಟೆಗಟ್ಟಲೆ ಹೊರಗಿಟ್ಟ ಆಹಾರದಲ್ಲಿ ಈ ಬ್ಯಾಕ್ಟೀರಿಯ ಬೆಳೆದು ಬಿಡುವ ವಿಷವು ಮತ್ತೆ ಕುದಿಸಿದರೂ ನಾಶವಾಗದೆ, ಉಂಡ ಕೆಲವೇ ಗಂಟೆಗಳಲ್ಲಿ ವಾಂತಿ ಹಿಡಿಸುತ್ತದೆ.

ಜ್ವರ ಬಂದರೆ, ಸುತ್ತಲಿನ ಕೆಂಪು ದಿನದಿಂದ ದಿನಕ್ಕೆ ಹರಡಿದರೆ, ಹಲವು ಕುರುಗಳು ಒಂದಾಗಿ ಗಡ್ಡೆಯಾದರೆ ಅಥವಾ ವಾರವಾದರೂ ಇಳಿಯದಿದ್ದರೆ ಆಸ್ಪತ್ರೆಗೆ ಹೋಗಬೇಕು. ಕೆಂಪಿನ ಅಂಚಿಗೆ ಪೆನ್ನಿನಿಂದ ಗೆರೆ ಎಳೆದಿಟ್ಟರೆ ಅದು ದಾಟಿತೇ ಇಲ್ಲವೇ ಎಂಬುದು ಮರುದಿನ ಸ್ಪಷ್ಟವಾಗುತ್ತದೆ. ದೊಡ್ಡ ಕುರುವನ್ನು ವೈದ್ಯರು ಜಾಗ ಮರಗಟ್ಟಿಸಿ, ಕೊಯ್ದು, ಕೀವು ತೆಗೆಯುತ್ತಾರೆ. ಬ್ಯಾಕ್ಟೀರಿಯ ಕೊಲ್ಲುವ ಆಂಟಿಬಯಾಟಿಕ್ ಮಾತ್ರೆ ಎಲ್ಲರಿಗೂ ಬೇಕಾಗುವುದಿಲ್ಲ. ಬೇಕಾದರೆ, ಕೀವಿನಲ್ಲಿರುವ ಬ್ಯಾಕ್ಟೀರಿಯವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ಕಳಿಸುತ್ತೀರಾ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಎರಡು ಮೂರು ದಿನಗಳಲ್ಲಿ ಬರುವ ಆ ವರದಿ ಯಾವ ಔಷಧ ಕೆಲಸ ಮಾಡುತ್ತದೆ ಎಂದು ತಿಳಿಸುತ್ತದೆ. ಅಲೆಕ್ಸಾಂಡರ್ ಫ್ಲೆಮಿಂಗ್ 1928ರಲ್ಲಿ ಪೆನಿಸಿಲಿನ್ ಕಂಡುಕೊಂಡದ್ದು ಇದೇ ಬ್ಯಾಕ್ಟೀರಿಯ ಬೆಳೆಸಿದ್ದ ತಟ್ಟೆಯಲ್ಲಿ. ಇಂದು ಇದರ ಹೆಚ್ಚಿನ ತಳಿಗಳ ಮೇಲೆ ಪೆನಿಸಿಲಿನ್ ನಾಟುವುದಿಲ್ಲ. ಅದೇ ಗುಂಪಿನ ಔಷಧ ಮೆಥಿಸಿಲಿನ್‌ಗೂ ಜಗ್ಗದ ಎಂಆರ್‌ಎಸ್‌ಎ ತಳಿಗಳು 1961ರಲ್ಲೇ ಇಂಗ್ಲೆಂಡಿನಲ್ಲಿ ವರದಿಯಾದವು. ಹೀಗಿರುವಾಗ ಮೆಡಿಕಲ್ ಶಾಪಿನಲ್ಲಿ ಕೇಳಿ ಎರಡು ದಿನದ ಮಾತ್ರೆ ನುಂಗಿ, ನೋವಿಳಿದೊಡನೆ ನಿಲ್ಲಿಸುವುದಕ್ಕೆ ಅರ್ಥವಿಲ್ಲ.

ಕುರು ಪದೇಪದೇ ಏಳುತ್ತಿದ್ದರೆ ರಕ್ತದ ಸಕ್ಕರೆ ಪರೀಕ್ಷಿಸಿಕೊಳ್ಳಬೇಕು. ಮೂಗಿನಲ್ಲಿ ಬ್ಯಾಕ್ಟೀರಿಯ ನೆಲೆಸಿದೆ ಎಂದು ಕಂಡುಬಂದರೆ ವೈದ್ಯರು ಮೂಪಿರೋಸಿನ್ ಮುಲಾಮನ್ನು ಕೆಲವು ದಿನ ಮೂಗಿನ ಹೊಳ್ಳೆಗಳೊಳಗೆ ಹಚ್ಚಲು ಬರೆದುಕೊಡಬಹುದು. ಆ ದಿನಗಳಲ್ಲೇ ದಿಂಬಿನ ಕವಚ, ಹಾಸಿಗೆಯ ಹೊದಿಕೆ ಮತ್ತು ಟವೆಲ್‌ಗಳನ್ನೂ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು.