ಮಿಡಿ ಹಾಕುವ ಮೊದಲು ಭರಣಿ ಒಣಗಲಿ

ಮೊನ್ನೆ ಮೊಮ್ಮಗಳು ಬೆಂಗಳೂರಿನಿಂದ ಫೋನ್ ಮಾಡಿದಳು. "ಅಮ್ಮಮ್ಮಾ, ಮಾವಿನಮಿಡಿ ಉಪ್ಪಿನಕಾಯಿಗೆ ಬೂಷ್ಟು ಬಂದಿದೆ. ಮೇಲಿನದ್ದು ತೆಗೆದರೆ ಸಾಕಾ?" ತೋರಿಸು ಎಂದೆ. ಫೋನಿನಲ್ಲೇ ಬಾಟಲಿ ತೋರಿಸಿದಳು. ಒಂದು ಮಿಡಿಗೂ ತೊಟ್ಟಿಲ್ಲ. ನೀಟಾಗಿ ಕಾಣಲಿ ಎಂದು ಎಲ್ಲವನ್ನೂ ಮುರಿದು ಹಾಕಿದ್ದಾಳೆ. ಹಾಕಿದ್ದು ಪುಡಿ ಉಪ್ಪು, ಅದೂ ಚಮಚದ ಲೆಕ್ಕದಲ್ಲಿ. ಬಾಟಲಿ ತೊಳೆದದ್ದು ಆವತ್ತು ಬೆಳಗ್ಗೆಯಂತೆ. ಎಲ್ಲಾ ಚೆಲ್ಲಿಬಿಡು ಎಂದೆ. ಅವಳಿಗೆ ಬೇಜಾರಾಯಿತು. ನನಗೆ ಅದಕ್ಕಿಂತ ಜಾಸ್ತಿ. ರಿಪ್ಪನ್‌ಪೇಟೆಯಿಂದ ತರಿಸಿ, ಒಂದೊಂದಾಗಿ ಆರಿಸಿ ಕಳಿಸಿದ ಮಿಡಿ ಅದು. ಹೊಳೆ ಬದಿಯ ಅಷ್ಟೆತ್ತರದ ಮರ ಹತ್ತಿ, ಚೀಲಕ್ಕೆ ಹಗ್ಗ ಕಟ್ಟಿ ಇಳಿಸಿದವನ ಕಷ್ಟವೆಲ್ಲ ಬಚ್ಚಲಿಗೆ ಹೋಯಿತು.

ಮನೆಯಲ್ಲಿ ಸಾಮಾನು ಇಟ್ಟುಕೊಳ್ಳುವುದು ಎಂದರೆ ಜಾಸ್ತಿ ಕೊಂಡು ತುಂಬುವುದು ಎಂದು ಈಗಿನವರು ತಿಳಿದಿದ್ದಾರೆ. 2020ರ ಮಾರ್ಚ್ 24ರ ರಾತ್ರಿ, 21 ದಿನ ಎಲ್ಲಾ ಬಂದ್ ಎಂದಾಗ ನೋಡಿದೆನಲ್ಲ! ತಂಗಿಯ ಮಗನ ಮನೆಯಲ್ಲಿ ಗೋಧಿಹಿಟ್ಟು ಚೀಲಗಟ್ಟಲೆ ಇತ್ತು, ಮೊಸರಿಗೆ ಹೆಪ್ಪು ಇರಲಿಲ್ಲ. ಹಾಲು ಬರುತ್ತಿತ್ತು. ಆದರೂ ಅಂಗಡಿ ಮೊಸರು ಸಿಗುವುದಿಲ್ಲ ಎಂದು ಗಂಡ ಹೆಂಡತಿ ಕೈಕಟ್ಟಿ ಕೂತಿದ್ದರು. ಒಣಮೆಣಸಿನ ತೊಟ್ಟು ಏಳೆಂಟು ಮುರಿದು ಉಗುರುಬೆಚ್ಚಗಿನ ಹಾಲಿಗೆ ಹಾಕಿ, ಬೆಚ್ಚಗಿನ ಜಾಗದಲ್ಲಿ ಮುಚ್ಚಿಡಿ ಎಂದೆ. ಮೊದಲ ಸಲ ಲೋಳೆಲೋಳೆಯಾಗಿ ಅರ್ಧಂಬರ್ಧ ಹೆಪ್ಪಾಗುತ್ತದೆ. ಅದನ್ನು ತಿನ್ನಬೇಡಿ. ಅದರಿಂದ ಒಂದು ಚಮಚ ತೆಗೆದು ಮತ್ತೊಂದು ಪಾತ್ರೆ ಹಾಲಿಗೆ ಹಾಕಿ. ಆಗ ಮೊಸರು ಬರುತ್ತದೆ. ಇದು ಗೊತ್ತಿರಬೇಕಾದದ್ದು ಅಂಗಡಿ ಮುಚ್ಚಿದ ದಿನ ಅಲ್ಲ, ಅದಕ್ಕಿಂತ ಮೊದಲು.

ನಾನು ಹುಟ್ಟಿದ್ದು ಹೊಸನಗರದ ಕಡೆಯ ಹಳ್ಳಿಯಲ್ಲಿ, ಮದುವೆಯಾಗಿ ಬಂದದ್ದು ತೀರ್ಥಹಳ್ಳಿ ಕಡೆಗೆ. ಇಲ್ಲಿಂದ ಆಗುಂಬೆ ದೂರವಿಲ್ಲ. ಅಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಆರಿದ್ರೆ ಮಳೆ ಹಿಡಿಯಿತೆಂದರೆ ಹೊಳೆ ದಾಟಿ ಪೇಟೆಗೆ ಹೋಗುವ ಮಾತೇ ಇರಲಿಲ್ಲ. ತರಕಾರಿ ಎಂದರೆ ಅಟ್ಟದ ಜಂತಿಗೆ ಬಾಳೆನಾರಿನಲ್ಲಿ ಕಟ್ಟಿ ತೂಗುಬಿಟ್ಟ ಸೌತೆಕಾಯಿ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಅಂಗಳದ ಕೆಸುವು, ಅಷ್ಟೇ. ಅನ್ನದ ಜೊತೆಗೆ ಹಪ್ಪಳ, ಬಾಳಕದ ಮೆಣಸು, ಮಿಡಿ. ಅದಕ್ಕೆ ಶಿವರಾತ್ರಿ ಕಳೆದದ್ದೇ ಕೆಲಸ ಶುರು. ಮೊದಲು ಮಿಡಿ, ಆಮೇಲೆ ಸಂಡಿಗೆ, ಏಪ್ರಿಲ್-ಮೇನಲ್ಲಿ ಹಲಸಿನ ಹಪ್ಪಳ, ಕೊನೆಗೆ ಸೌದೆ. ಒಂದಾದ ಮೇಲೊಂದು. ಎಲ್ಲದಕ್ಕೂ ಶತ್ರು ಒಂದೇ, ನೀರಿನ ಪಸೆ.

ಈಗ ಮಿಡಿ ವಿಷಯ. ಜಿಐ ಟ್ಯಾಗ್, ಅಂದರೆ ಇದು ಈ ಸೀಮೆಯದ್ದೇ ಎಂಬ ಸರ್ಕಾರಿ ಗುರುತು, ಸಿಕ್ಕ ಮೇಲೆ ಎಲ್ಲರಿಗೂ ಅಪ್ಪೆಮಿಡಿಯೇ ಬೇಕು, ನಮ್ಮ ಮಲೆನಾಡಿನ ಘಮದ ಮಾವಿನಮಿಡಿ. ಬೇಕಾದರೆ ಗುರುತಿಸಲು ಕಲಿಯಿರಿ. ಒಂದು ಮಿಡಿಯ ತೊಟ್ಟು ಮುರಿದು ಸೊನೆ ಮೂಸಿ. ಜೀರಿಗೆಯದ್ದೋ ಕರ್ಪೂರದ್ದೋ ಘಮ ಮೂಗಿಗೆ ಹೊಡೆಯಬೇಕು. ಪರೀಕ್ಷೆಗೆ ಮುರಿದದ್ದು ಆ ಒಂದೇ ಆಗಿರಲಿ. ಉಳಿದವಕ್ಕೆ ಬೆರಳಿನ ಒಂದು ಗೆಣ್ಣಿನಷ್ಟು ತೊಟ್ಟು ಇರಲೇಬೇಕು. ಆ ಘಮವೆಲ್ಲ ಇರುವುದು ಸೊನೆಯಲ್ಲಿ. ತೊಟ್ಟು ಮುರಿದರೆ ಸೊನೆ ಹೋಯಿತು, ಕೈ ಮೇಲೆ ಬಿದ್ದರೆ ಚರ್ಮವೂ ಸುಟ್ಟಿತು. ನೆಲಕ್ಕೆ ಬಿದ್ದ ಮಿಡಿ ಪುಕ್ಕಟೆ ಕೊಟ್ಟರೂ ಬೇಡ. ಪೆಟ್ಟು ಹೊರಗೆ ಕಾಣುವುದಿಲ್ಲ, ಭರಣಿಯೊಳಗೆ ಹೋಗಿ ಕೊಳೆಯುತ್ತದೆ. ಒಂದು ಕೊಳೆತರೆ ಸುತ್ತಲಿನ ಹತ್ತು ಮೆತ್ತಗಾಗುತ್ತವೆ.

ತೊಳೆದು, ಒಂದೊಂದನ್ನೂ ಒರೆಸಿ, ನೆರಳಲ್ಲಿ ಹರಡಿ. ಒರೆಸಲು ಹಳೇ ಪಂಚೆಯ ತುಂಡು ಒಳ್ಳೆಯದು. ಈಗಿನ ದಪ್ಪ ಟವೆಲ್ ನೂಲು ಬಿಡುತ್ತದೆ. ಹಾಗೇ ಹೇಳಿಬಿಡುತ್ತೇನೆ, ಅಡುಗೆಮನೆಯ ಬಟ್ಟೆಯನ್ನು ಮೈಬಟ್ಟೆಯ ಜೊತೆ ಮೆಷಿನ್ನಿಗೆ ಹಾಕಬೇಡಿ. ವಾಸನೆ ಬರುವ ಪುಡಿಯಲ್ಲಿ ಒಗೆದ ಬಟ್ಟೆಯಿಂದ ಹಪ್ಪಳ ಒತ್ತಿದರೆ ಹಪ್ಪಳಕ್ಕೂ ಅದೇ ವಾಸನೆ. ಸುಮ್ನೆ ಬಿಸಿನೀರಿನಲ್ಲಿ ಕುದಿಸಿ ಬಿಸಿಲಿಗೆ ಹಾಕಿ, ಸಾಕು.

ಇನ್ನು ಭರಣಿ. ಇದರಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ. ಮಿಡಿ ತರುವ ವಾರದ ಮೊದಲೇ ಭರಣಿ ತೊಳೆಯಬೇಕು. ಬಿಸಿನೀರು ಹಾಕಿ ಉಜ್ಜಿ, ಬೋರಲು ಹಾಕಿ, ನೀರಿಳಿದ ಮೇಲೆ ಬಿಸಿಲಿಗೆ ಇಡಬೇಕು. ಒಂದು ದಿನ ಬಾಯಿ ಮೇಲೆ ಮಾಡಿ, ಒಂದು ದಿನ ಮಲಗಿಸಿ, ಮತ್ತೊಂದು ದಿನ ಆಚೆ ಮಗ್ಗುಲು. ಹೊಳಪು ಸೀಳಿದ ಹಳೇ ಭರಣಿಯಾದರೆ ಆ ಸೀಳಿನಲ್ಲಿ ನೀರು ಕೂತಿರುತ್ತದೆ. ಅದಕ್ಕೆ ಇನ್ನೆರಡು ದಿನ ಜಾಸ್ತಿ. ಕೈ ಹಾಕಿ ನೋಡಿ "ಒಣಗಿದೆ" ಎನ್ನುತ್ತಾರೆ ಹುಡುಗಿಯರು. ಕೈಗೆ ಅದು ಗೊತ್ತಾಗುವುದಿಲ್ಲ. ಅತ್ತೆ ನನಗೆ ಕಲಿಸಿದ್ದು ಬೇರೆ. ಮೂರನೇ ದಿನ ಸಂಜೆ ಭರಣಿ ಒಳಗೆ ತಂದು, ಪೂರ್ತಿ ತಣಿದ ಮೇಲೆ, ಕೆಂಡದಲ್ಲಿ ಆಗಷ್ಟೇ ಸುಟ್ಟ ಹಪ್ಪಳದ ಒಂದು ಚೂರನ್ನು ತಳಕ್ಕೆ ಹಾಕಿ, ಬಾಯಿ ಬಿಗಿಯಾಗಿ ಮುಚ್ಚುತ್ತಿದ್ದರು. ಬೆಳಗ್ಗೆ ತೆಗೆದು ಕಿವಿಯ ಹತ್ತಿರ ಹಿಡಿದು ಮುರಿಯುವುದು. ಟಪ್ ಎಂದು ಮುರಿದರೆ ಭರಣಿ ಒಣಗಿದೆ. ಸ್ವಲ್ಪ ಬಾಗಿದರೂ ಪಸೆ ಇದೆ, ಮತ್ತೆ ಬಿಸಿಲಿಗೆ. ಮದುವೆಯಾದ ಮೊದಲ ವರ್ಷ ನನ್ನ ಭರಣಿಯ ಹಪ್ಪಳ ಎರಡು ಸಲ ಬಾಗಿತು. ಅತ್ತೆ ಏನೂ ಅನ್ನಲಿಲ್ಲ. ಬಾಗಿದ ಚೂರನ್ನು ನನ್ನ ಅಂಗೈಯಲ್ಲಿಟ್ಟು ಒಳಗೆ ಹೋದರು. ಮೂರನೇ ಸಲ ಮುರಿದ ಸದ್ದು ನನಗೆ ಇನ್ನೂ ನೆನಪಿದೆ.

ಆಮೇಲೆ ಹೊಗೆ. ಹೆಂಚಿನ ಚೂರಿನ ಮೇಲೆ ಎರಡು ಕೆಂಡ ಇಟ್ಟು, ಗಟ್ಟಿ ಇಂಗನ್ನು ಕಡಲೆಕಾಳಿನಷ್ಟು ಚಿವುಟಿ ಹಾಕಿ, ಅದರ ಮೇಲೆ ಭರಣಿ ಬೋರಲು. ಪೂರ್ತಿ ನೆಲಕ್ಕೆ ತಾಗಬಾರದು. ಬಾಯಿಯ ಒಂದು ಬದಿಗೆ ಕರಟದ ಚೂರು ಕೊಟ್ಟು ಸ್ವಲ್ಪ ಎತ್ತರಿಸಿ, ಇಲ್ಲದಿದ್ದರೆ ಗಾಳಿಯಿಲ್ಲದೆ ಕೆಂಡ ಆರುತ್ತದೆ. ಕೆಂಡ ಭರಣಿಗೆ ತಾಗಿದರೆ ಭರಣಿ ಸೀಳುತ್ತದೆ, ಜೋಪಾನ. ಪುಡಿ ಇಂಗಿನಲ್ಲಿ ಹಿಟ್ಟು ಬೆರೆಸಿರುತ್ತಾರೆ, ಅದು ಸೀದ ವಾಸನೆ ಕೊಡುತ್ತದೆ, ಬೇಡ. ಪೇಟೆ ಮನೆಯಲ್ಲಿ ಕೆಂಡ ಎಲ್ಲಿಂದ ತರಲಿ ಎಂದು ಕೇಳಬೇಡಿ. ತೆಂಗಿನ ಕರಟದ ತುಂಡನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸಿನ ಉರಿಯಲ್ಲಿ ಕಾಯಿಸಿದರೆ ಅದೇ ಕೆಂಡ. ಕಿಟಕಿ ಮಾತ್ರ ತೆರೆದಿಡಿ. ಹೊಗೆ ಆರಿದ ಮೇಲೆ ಭರಣಿ ಎತ್ತಿ ತಕ್ಷಣ ಬಾಯಿ ಮುಚ್ಚಿ. ಇನ್ನು ಅದರೊಳಗೆ ಬಟ್ಟೆಯೂ ಹೋಗಬಾರದು, ಕೈಯೂ ಹೋಗಬಾರದು.

ಉಪ್ಪು ಹರಳುಪ್ಪೇ ಆಗಬೇಕು, ಬಾಣಲೆಯಲ್ಲಿ ಹುರಿದು ಆರಿಸಿದ್ದು. ತಳಕ್ಕೆ ಒಂದು ಹಿಡಿ, ಮೇಲೆ ಮಿಡಿ ಒಂದು ವರಸೆ, ಮತ್ತೆ ಮುಷ್ಟಿ ತುಂಬಾ ಉಪ್ಪು. ಕೊನೆಯ ವರಸೆಯ ಮಿಡಿ ಕಾಣದ ಹಾಗೆ ಉಪ್ಪು ಮುಚ್ಚಬೇಕು. ಬಿಪಿ ಇದೆ, ಸ್ವಲ್ಪ ಕಡಿಮೆ ಹಾಕುತ್ತೇನೆ ಎನ್ನುವವರು ಇದ್ದಾರೆ. ಬಿಪಿ ಇದ್ದವರು ಊಟಕ್ಕೆ ಅರ್ಧ ಮಿಡಿ ತಿನ್ನಿ, ಇಲ್ಲವೇ ತಿನ್ನಬೇಡಿ. ಭರಣಿಯ ಉಪ್ಪು ಕಡಿಮೆ ಮಾಡಿದರೆ ಅದು ಮನೆಯವರಿಗೆಲ್ಲ ದಕ್ಕುವುದಿಲ್ಲ.

ದಿನಕ್ಕೊಮ್ಮೆ ಭರಣಿ ಎತ್ತಿ ಕುಲುಕಿ. ಮೂರು ನಾಲ್ಕು ದಿನಕ್ಕೆ ನೀರು ಬಿಡುತ್ತದೆ. ಆಗ ಎಲ್ಲರಿಗೂ ಅವಸರ. ಖಾರ ಹಾಕಲಾ, ಹಾಕಲಾ ಎಂದು ಕೇಳುತ್ತಾರೆ. ಇಲ್ಲ. ಮಿಡಿ ಚಿರುಟಿ ಮುದುಕರ ಬೆರಳಿನ ಹಾಗೆ ಆಗುವ ತನಕ ಕಾಯಬೇಕು, ಎರಡು ವಾರವಾದರೂ ಸರಿ. ಆಮೇಲೆ ಮಿಡಿ ತೆಗೆದಿಟ್ಟು, ಉಪ್ಪುನೀರು ಸೋಸಿ, ಕುದಿಸಿ, ರಾತ್ರಿಯಿಡೀ ಆರಲು ಬಿಡಿ. ಬೆಚ್ಚಗಿದ್ದರೂ ಮುಟ್ಟಬೇಡಿ. ಬ್ಯಾಡಗಿ ಮೆಣಸು, ಸಾಸಿವೆ, ಸ್ವಲ್ಪ ಅರಿಶಿನ, ಎಲ್ಲಾ ಬಿಸಿಲಲ್ಲಿ ಗರಿಗರಿ ಮಾಡಿ ಇದೇ ನೀರು ಹಾಕಿ ಬೀಸಿ. ಬೇರೆ ನೀರು ಒಂದು ಹನಿಯೂ ಸೇರಬಾರದು. ತುಂಬಿದ ಮೇಲೆ ರಸ ಮಿಡಿಯ ಮೇಲೆ ನಿಲ್ಲಬೇಕು. ಇಂಗಿನ ಎಣ್ಣೆಯಲ್ಲಿ ಅದ್ದಿದ ಬಟ್ಟೆ ಮೇಲೆ ಹಾಸಿ, ಬಾಯಿ ಕಟ್ಟಿ, ಎರಡು ತಿಂಗಳು ಮರೆತುಬಿಡಿ.

ಉಳಿದದ್ದು ಹೇಳಲು ಹೆಚ್ಚಿಲ್ಲ. ತೊಗರಿಬೇಳೆಗೆ ಹರಳೆಣ್ಣೆ ಕೈಗೆ ಹಚ್ಚಿಕೊಂಡು ಸವರಿ, ಬಿಸಿಲು ತೋರಿಸಿ ಡಬ್ಬಕ್ಕೆ ತುಂಬಿ. ರವೆ ಹುರಿದಿಡಿ. ಸಿಹಿಗುಂಬಳದ ತೊಟ್ಟನ್ನೂ ಮುರಿಯಬೇಡಿ, ತೊಟ್ಟು ಹೋದಲ್ಲಿಂದಲೇ ಕೊಳೆಯುತ್ತದೆ. ಮೇ ಮುಗಿಯುವುದರೊಳಗೆ ಸೌದೆ ಒಳಗೆ ಬರಲಿ. ಗ್ಯಾಸ್ ಇದೆ ಎಂದು ಸುಮ್ಮನಿರಬೇಡಿ. 2019ರ ಆಗಸ್ಟಿನ ಮಳೆಗೆ ನಮ್ಮ ರಸ್ತೆಗೆ ಮರ ಬಿದ್ದು ಸಿಲಿಂಡರ್ ಬರಲಿಲ್ಲ, ಕರೆಂಟೂ ಇರಲಿಲ್ಲ. ಆಗ ಒಲೆ ಉರಿಯಿತು.

ಮೊಮ್ಮಗಳಿಗೆ ಹೇಳಿದ್ದೇನೆ. ಬರುವ ಫೆಬ್ರವರಿ ಕೊನೆಗೆ ನಾಲ್ಕು ದಿನ ರಜೆ ಹಾಕಿ ಇಲ್ಲಿಗೇ ಬರಲಿ. ಬಾಟಲಿ ತರುವುದು ಬೇಡ. ಅತ್ತೆಯ ಸಣ್ಣ ಭರಣಿ ಅಟ್ಟದಲ್ಲಿದೆ, ಅದನ್ನು ಅವಳೇ ಇಳಿಸಿ ತೊಳೆಯಲಿ. ಹಪ್ಪಳ ಸುಟ್ಟು ಕೊಡುವುದು ನಾನು.